ಗಿಡ್ಡದ ಕೊರಳಿಗೆ ಎ2 ಬೋರ್ಡು

ಹೋದ ತಿಂಗಳು ಬೆಂಗಳೂರಿನ ಇಬ್ಬರು ನಮ್ಮನೆ ಹುಡುಕಿಕೊಂಡು ಬಂದಿದ್ದರು. ಶಿರಸಿಯಲ್ಲಿ ಯಾರದ್ದೋ ಮದುವೆ, ಹಾಗೇ ತುಪ್ಪ ಸಿಗುತ್ತದಾ ಅಂತ ನಮ್ಮೂರಿನ ಮಣ್ಣು ರಸ್ತೆ ಹಿಡಿದಿದ್ದರು. ಆಯಿ ಎಂದಿನಂತೆ "ಆಸರಿಗೆ ಎಂತ ಅಡ್ಡಿಲ್ಲೆ?" (ಕುಡಿಯಲು ಏನು ಕೊಡಲಿ?) ಅಂತ ಕೇಳಿದಳು. ಅವರು ಆಸರಿಗೆ ಬೇಡ ಅಂದರು. ಕೊಟ್ಟಿಗೆಯಲ್ಲಿದ್ದ ಮಲೆನಾಡು ಗಿಡ್ಡ ತಳಿಯ ನಮ್ಮ ಪುಟ್ಟ ಆಕಳು ಚಂದ್ರಿಯ ಕಡೆ ಕೈ ತೋರಿಸಿ, "ಇದು ಪ್ಯೂರ್ ಎ2 ತಾನೇ? ಸರ್ಟಿಫಿಕೇಟ್ ಇದೆಯಾ?" ಅಂದರು. ಆಯಿ ನನ್ನ ಮುಖ ನೋಡಿದಳು. ಆಮೇಲೆ ಅವರಿಗೆ, "ಅದು ಗಿಡ್ಡ. ಅದ್ರ ಆಯಿನೂ ಇದೇ ಕೊಟ್ಟಿಗೇಲಿ ಹುಟ್ಟಿದ್ದು" ಅಂದಳು. ಅವಳ ಪ್ರಕಾರ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ಹತ್ತು ವರ್ಷ ಬೆಂಗಳೂರಿನ ಲ್ಯಾಬೊಂದರಲ್ಲಿ ಡಿಎನ್‌ಎ ಸ್ಯಾಂಪಲ್‌ಗಳ ಜೊತೆ ಕಳೆದು ಊರಿಗೆ ವಾಪಸ್ ಬಂದವನು ನಾನು. ಈಗ ಅಡಿಕೆ ತೋಟ, ಏಳು ದನ. ಹಾಗಾಗಿ ದೇಸಿ ದನದ್ದು ಎ2 ಹಾಲು, ಅದು ಕುಡಿದರೆ ಕಾಯಿಲೆ ಬರುವುದಿಲ್ಲ ಅನ್ನುವ ಈ ವಿಷಯ ಬಂದಾಗಲೆಲ್ಲ ಊರಲ್ಲಿ ನನ್ನನ್ನೇ ಕೇಳುತ್ತಾರೆ. ಹೌದು ಅಂದರೂ ಕಷ್ಟ, ಅಲ್ಲ ಅಂದರೂ ಕಷ್ಟ. ಇವತ್ತು ಮಳೆ, ಅಡಿಕೆ ಮರ ಹತ್ತುವ ಕೊನೆಗೌಡ ಬಂದಿಲ್ಲ, ಕೂತು ಬರೆಯುತ್ತಿದ್ದೇನೆ.

ವಿಷಯ ಸಣ್ಣದು. ಹಾಲಿನಲ್ಲಿ ಬೀಟಾ ಕೇಸಿನ್ ಅಂತ ಒಂದು ಪ್ರೋಟೀನು. ಅಮೈನೋ ಆಮ್ಲಗಳೆಂಬ 209 ಮಣಿಗಳ ಸರ ಅಂದುಕೊಳ್ಳಿ. ಅದರ 67ನೇ ಮಣಿ ಪ್ರೋಲಿನ್ ಆದರೆ ಎ2, ಹಿಸ್ಟಿಡಿನ್ ಆದರೆ ಎ1. ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ. ಎ1 ಹೊಟ್ಟೆಗೆ ಹೋದಾಗ ಸರ ಆ ಜಾಗದಲ್ಲಿ ಸುಲಭವಾಗಿ ತುಂಡಾಗಿ ಏಳು ಮಣಿಯ ಚೂರೊಂದು ಹೊರಗೆ ಬರುತ್ತದೆ. ಅದರ ಹೆಸರು ಬಿಸಿಎಂ-7. ಎ1ನಿಂದ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಅಂತ ಹೇಳುವ ಕಥೆಗಳೆಲ್ಲ ಹೊರಟದ್ದು ಈ ಚೂರಿನಿಂದ.

ಎ2ವೇ ಹಳೆಯದು. ಎ1 ಸಾವಿರಾರು ವರ್ಷಗಳ ಹಿಂದೆ ಯುರೋಪಿನ ದನಗಳಲ್ಲಿ ಆದ ಬದಲಾವಣೆ. ಆದ್ದರಿಂದ ನಮ್ಮ ದೇಸಿ ದನಗಳಲ್ಲಿ ಎ2 ಇರುವುದು ಸಹಜ, ಅದರಲ್ಲಿ ಸುಳ್ಳೇನೂ ಇಲ್ಲ. 2009ರಲ್ಲಿ ನಮ್ಮ ದೇಶದ 15 ದನದ ತಳಿ ಮತ್ತು 8 ಎಮ್ಮೆ ತಳಿಗಳ ಡಿಎನ್‌ಎ ನೋಡಿದ ಅಧ್ಯಯನ ಪ್ರಕಟವಾಯಿತು. ದನಗಳಲ್ಲಿ ಎ2 ಪ್ರಮಾಣ ಶೇ. 98ಕ್ಕಿಂತ ಜಾಸ್ತಿ. ಎಮ್ಮೆಗಳಲ್ಲಂತೂ ಪೂರ್ತಿ ಎ2. (ಎಮ್ಮೆ ಹಾಲಿಗೆ ಯಾರೂ ಎ2 ಅಂತ ಬೋರ್ಡು ಹಾಕಿದ್ದು ನಾನು ನೋಡಿಲ್ಲ. ಪಾಪ, ಕಪ್ಪು ಬಣ್ಣದ ತಪ್ಪು.) ಆದರೆ ಅದೇ ಅಧ್ಯಯನದಲ್ಲಿ ಒಂದು ಮಾತಿದೆ, ತುಪ್ಪದ ಬಾಟಲಿ ಮೇಲೆ ಅದನ್ನು ಯಾರೂ ಅಚ್ಚು ಹಾಕುವುದಿಲ್ಲ. ಎ1 ಇರುವ ಕೆಲವು ದನಗಳು ಸಿಕ್ಕಿದ್ದು ಎರಡೇ ತಳಿಗಳಲ್ಲಿ. ಒಂದು ಉತ್ತರ ಪ್ರದೇಶದ ಖೇರಿಗಢ. ಇನ್ನೊಂದು ನಮ್ಮ ಮಲೆನಾಡು ಗಿಡ್ಡ.

ಇದನ್ನು ಮೊದಲು ಓದಿದಾಗ ನಾನು ಜೋರಾಗಿ ನಕ್ಕುಬಿಟ್ಟೆ. ಗಿಡ್ಡದ ಹಾಲು ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ಗಿಡ್ಡ ಅಂದ ಮಾತ್ರಕ್ಕೆ ಕಣ್ಣು ಮುಚ್ಚಿ ಎ2 ಅನ್ನುವಂತಿಲ್ಲ ಅಂತ ಅಷ್ಟೇ. ದನದ ಎತ್ತರ, ಬಣ್ಣ, ಕೊಂಬು ನೋಡಿ ಇದು ತಿಳಿಯುವುದಿಲ್ಲ. ರಕ್ತವೋ ಬಾಲದ ಕೂದಲೋ ಕೊಟ್ಟು ಟೆಸ್ಟ್ ಮಾಡಿಸಿದರೆ ಮಾತ್ರ ಗೊತ್ತಾಗುತ್ತದೆ.

ಈಗ ಕಾಯಿಲೆಯ ಮಾತು. ನಮ್ಮ ಅಪ್ಪಚ್ಚಿಗೆ (ಚಿಕ್ಕಪ್ಪನಿಗೆ) ಹದಿನೈದು ವರ್ಷದಿಂದ ಶುಗರ್. ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಮೆಸೇಜ್ ನೋಡಿ, ನಮ್ಮನೆಯಿಂದ ದಿನಾ ಒಂದು ಲೀಟರ್ ಹಾಲು ತರಿಸಿಕೊಂಡು ಕುಡಿಯಲು ಶುರು ಮಾಡಿದರು. ಜೊತೆಗೆ ಮಾತ್ರೆ ಅರ್ಧ ಮಾಡಿದರು. ನಮಗೆ ಹೇಳಲಿಲ್ಲ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಟೆಸ್ಟಿನಲ್ಲಿ ಯಾವಾಗಲೂ ಏಳರ ಆಸುಪಾಸು ಇದ್ದದ್ದು ಒಂಬತ್ತು ದಾಟಿತ್ತು. ಡಾಕ್ಟರು ಬೈಯಲಿಲ್ಲ. "ಹಾಲಿನಲ್ಲೂ ಸಕ್ಕರೆ ಇರ್ತದೆ ಭಟ್ರೇ, ಎ1 ಇರಲಿ, ಎ2 ಇರಲಿ" ಅಂದರಂತೆ. ನನಗೆ ಆಗಿದ್ದು ನಾಚಿಕೆ. ಹಾಲು ಕೊಟ್ಟವನು ನಾನೇ ಅಲ್ವಾ.

ಆ ಮೆಸೇಜಿನ ಬುಡ ಹುಡುಕಿದರೆ ಎಲ್ಲಿಗೆ ಹೋಗುತ್ತದೆ ಗೊತ್ತಾ? ನ್ಯೂಜಿಲೆಂಡಿಗೆ. ಅಲ್ಲಿನ ಸಂಶೋಧಕರು 1999ರಲ್ಲಿ ಹತ್ತು ದೇಶಗಳ ಲೆಕ್ಕ ಇಟ್ಟುಕೊಂಡು, ಎ1 ಜಾಸ್ತಿ ಕುಡಿಯುವ ದೇಶಗಳ ಮಕ್ಕಳಲ್ಲಿ ಟೈಪ್ 1 ಡಯಾಬಿಟಿಸ್ ಜಾಸ್ತಿ ಅಂತ ತೋರಿಸಿದರು. ಗಮನಿಸಿ: ಮಕ್ಕಳಲ್ಲಿ, ಟೈಪ್ 1. ನಮ್ಮ ಅಪ್ಪಚ್ಚಿಗೆ ಎಪ್ಪತ್ತು, ಅವರದ್ದು ಟೈಪ್ 2. ಎರಡೂ ಬೇರೆ ಬೇರೆ ಕಾಯಿಲೆ. ಮರು ವರ್ಷವೇ, 2000ದಲ್ಲಿ, ಎ2 ಹಾಲು ಮಾರುವ ಕಂಪನಿಯೂ ಅಲ್ಲಿ ಹುಟ್ಟಿಕೊಂಡಿತು.

ದೇಶ ದೇಶಗಳ ಸರಾಸರಿ ಹೋಲಿಸುವುದರಲ್ಲಿ ಒಂದು ಮೋಸ ಇರುತ್ತದೆ. ಶಿರಸಿ ಪೇಟೆಯಲ್ಲಿ ಛತ್ರಿ ಜಾಸ್ತಿ ಮಾರಾಟವಾಗುವ ತಿಂಗಳಲ್ಲೇ ಅಡಿಕೆಗೆ ಕೊಳೆ ರೋಗವೂ ಜಾಸ್ತಿ. ಹಾಗಂತ ಕೊಳೆಗೆ ಬೋರ್ಡೋ ಔಷಧಿ ಹೊಡೆಯುವುದು ಬಿಟ್ಟು ಛತ್ರಿ ಅಂಗಡಿ ಮುಚ್ಚಿಸುತ್ತೇವಾ? ಯುರೋಪಿಯನ್ ಆಹಾರ ಸುರಕ್ಷತಾ ಸಂಸ್ಥೆ 2009ರಲ್ಲಿ ಇದನ್ನೆಲ್ಲ ಕೂತು ಪರಿಶೀಲಿಸಿ, ಬಿಸಿಎಂ-7ನಿಂದ ಈ ಕಾಯಿಲೆಗಳು ಬರುತ್ತವೆ ಅಂತ ಕಾರ್ಯಕಾರಣ ಸಂಬಂಧ ಸಾಬೀತಾಗಿಲ್ಲ ಅಂದಿತು.

ಹಾಗಾದರೆ ಎಲ್ಲವೂ ಸುಳ್ಳಾ? ಹಾಗೂ ಅಲ್ಲ. ಹೊಟ್ಟೆ ಉಬ್ಬರದ ವಿಷಯದಲ್ಲಿ ಸ್ವಲ್ಪ ಆಧಾರ ಇದೆ. 2016ರಲ್ಲಿ ಚೀನಾದಲ್ಲಿ 45 ಜನರಿಗೆ ಎರಡು ವಾರ ಒಂದು ಹಾಲು, ಎರಡು ವಾರ ಇನ್ನೊಂದು ಹಾಲು ಕುಡಿಸಿ ನೋಡಿದರು. ಯಾವ ಹಾಲು ಅಂತ ಕುಡಿದವರಿಗೆ ಗೊತ್ತಿರಲಿಲ್ಲ. ಬರೀ ಎ2 ಕುಡಿದಾಗ ಹೊಟ್ಟೆಯ ತೊಂದರೆ ಕಡಿಮೆ ಇತ್ತು. ಒಳ್ಳೆಯ ಕ್ರಮವೇ. ಆದರೆ 45 ಜನ, ನಾಲ್ಕು ವಾರದ ಹಾಲು, ಮೇಲಿಂದ ದುಡ್ಡು ಕೊಟ್ಟದ್ದು ಅದೇ ಎ2 ಕಂಪನಿ. ಇಷ್ಟರ ಮೇಲೆ ಹಾಲಿಗೆ ಮೂರು ಪಟ್ಟು ರೇಟು ಹಾಕುವ ಧೈರ್ಯ ನನಗಿಲ್ಲ. ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಆಗದವರಿಗೆ ಎ2 ಹಾಲಿನಲ್ಲೂ ಲ್ಯಾಕ್ಟೋಸ್ ಅಷ್ಟೇ ಇದೆ. ಹಾಲಿನ ಪ್ರೋಟೀನಿಗೇ ಅಲರ್ಜಿ ಇರುವ ಮಗುವಿಗಂತೂ ಎ2 ಅಂತ ಕುಡಿಸಲೇಬೇಡಿ.

ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಕೂಡ 2024ರ ಆಗಸ್ಟ್ 21ಕ್ಕೆ ಪ್ಯಾಕೆಟ್ ಮೇಲಿಂದ ಎ1, ಎ2 ತೆಗೆಯಿರಿ ಅಂದಿತು. ಆಗಸ್ಟ್ 26ಕ್ಕೆ ಅದನ್ನು ಹಿಂದಕ್ಕೆ ಪಡೆಯಿತು. ಐದೇ ದಿನ. ನಮ್ಮಲ್ಲಿ ಹಾಲು ಒಡೆಯುವುದಕ್ಕೂ ಅದಕ್ಕಿಂತ ಸರಿಯಾದ ಕಾರಣ ಬೇಕು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನನ್ನ ನಿಜವಾದ ಚಿಂತೆ ಹಾಲು ಅಲ್ಲ, ಗಿಡ್ಡ. ಎ2 ಹೆಸರಲ್ಲಾದರೂ ಗಿಡ್ಡ ಉಳಿಯಲಿ ಬಿಡು ಅಂತ ಸ್ನೇಹಿತರು ಹೇಳುತ್ತಾರೆ. ಉಳಿಯುವುದಿಲ್ಲ ಅಂತ ನನ್ನ ವಾದ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ತಳಿ) ದನಗಳಲ್ಲೂ ತಂದೆ, ತಾಯಿಯಿಂದ ಬಂದ ಜೀನಿನ ಎರಡೂ ಪ್ರತಿ ಎ2 ಇರುವಂಥವು ಬೇಕಾದಷ್ಟಿವೆ. ಹೋರಿಗಳನ್ನು ಟೆಸ್ಟ್ ಮಾಡಿ, ಎ2ಎ2 ಅಂತ ಬರೆದ ಸೆಮೆನ್ ಕಡ್ಡಿಗಳನ್ನು ಈಗಾಗಲೇ ಮಾರುತ್ತಿದ್ದಾರೆ. ನಾಳೆ ದಿನಕ್ಕೆ ಇಪ್ಪತ್ತು ಲೀಟರ್ ಕೊಡುವ ಎ2 ಎಚ್‌ಎಫ್ ಬಂದು ನಿಂತರೆ, ಒಂದೆರಡು ಲೀಟರ್ ಕೊಡುವ ಚಂದ್ರಿಯನ್ನು ಯಾವ ಬಾಯಲ್ಲಿ ಸಮರ್ಥಿಸುತ್ತೀರಿ?

ಗಿಡ್ಡದ ಬೆಲೆ ಇರುವುದು 67ನೇ ಮಣಿಯಲ್ಲಿ ಅಲ್ಲ. ಆರು ತಿಂಗಳ ಮಳೆಯಲ್ಲಿ ಬೆಟ್ಟ ಹತ್ತಿ, ಬ್ಯಾಣದ (ಹುಲ್ಲುಗಾವಲಿನ) ಹುಲ್ಲು ತಿಂದು, ಸಂಜೆ ತಾನಾಗಿ ಮನೆಗೆ ಬರುತ್ತದೆ. ಹಿಂಡಿಗೆ ಹಟ ಮಾಡುವುದಿಲ್ಲ. ಸೊಪ್ಪಿನ ಬೆಟ್ಟದ ಸೊಪ್ಪು ಅದರ ಕಾಲಡಿ ಬಿದ್ದು ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಈ ಗುಣಗಳ ಹಿಂದೆ ಒಂದಲ್ಲ, ನೂರಾರು ಜೀನ್ ಇರುತ್ತವೆ. ಅವು ಕಳೆದುಹೋಗುವುದು ಸದ್ದಿಲ್ಲದೆ.

ಹೇಗೆ ಅಂತ ಒಂದು ಲೆಕ್ಕ ಹೇಳುತ್ತೇನೆ. ಒಂದು ಸೀಮೆಯಲ್ಲಿ 100 ಆಕಳು, ಒಂದೇ ಹೋರಿ ಇದೆ ಅಂದುಕೊಳ್ಳಿ. ತಳಿಯ ಲೆಕ್ಕಕ್ಕೆ ಇವು ನಿಜವಾಗಿ ಎಷ್ಟು ದನ ಅಂತ ತಿಳಿಯಲು ಹೆಣ್ಣು, ಗಂಡುಗಳ ಸಂಖ್ಯೆ ಗುಣಿಸಿ, ನಾಲ್ಕರಿಂದ ಮತ್ತೆ ಗುಣಿಸಿ, ಒಟ್ಟು ತಲೆಗಳಿಂದ ಭಾಗಿಸಬೇಕು. ನಾನ್ನೂರನ್ನು ನೂರಾ ಒಂದರಿಂದ ಭಾಗಿಸಿದರೆ ಬರುವುದು ನಾಲ್ಕು! ಕಣ್ಣಿಗೆ ಕಾಣುವುದು 101 ದನ, ತಳಿಯ ಲೆಕ್ಕಕ್ಕೆ ನಾಲ್ಕೇ ದನ. ಮುಂದಿನ ಪೀಳಿಗೆಯ ಕರುಗಳೆಲ್ಲ ಅಣ್ಣ ತಂಗಿ. ಈ ಸಂಖ್ಯೆ ಕನಿಷ್ಠ 50 ಇರಬೇಕು ಅಂತ ತಳಿ ಉಳಿಸುವವರ ರೂಢಿ. ಅದಕ್ಕೆ ಅದೇ 100 ಆಕಳುಗಳಿಗೆ 15 ಹೋರಿ ಬೇಕು. ನಮ್ಮೂರಿನ ಸುತ್ತ ಎಷ್ಟಿವೆ? ನಾನು ಎಣಿಸಿದಂತೆ ಎರಡು. ಗಂಡು ಕರು ಹುಟ್ಟಿದರೆ ಮನೆಯವರ ಮುಖ ಬಾಡುತ್ತದೆ. ಆಕಳು ಬೆದೆಗೆ ಬಂದರೆ ಫೋನ್ ಮಾಡಿ ಜರ್ಸಿ ಇಂಜೆಕ್ಷನ್ ಹಾಕಿಸುತ್ತಾರೆ. ನಮ್ಮನೆಯಲ್ಲೂ ಅಪ್ಪಯ್ಯ ಹಾಕಿಸಿದ್ದ, ಸುಳ್ಳು ಯಾಕೆ ಹೇಳಲಿ.

ಇನ್ನು ದನ ಮತ್ತು ಮನುಷ್ಯನ ಆರೋಗ್ಯ ಅಂತಲೇ ಮಾತಾಡುವುದಿದ್ದರೆ, ಉಣುಗಿನ (ಉಣ್ಣೆ ಹುಳದ) ಬಗ್ಗೆ ಮಾತಾಡೋಣ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಈಗ ಪಕ್ಕದ ಸಿದ್ದಾಪುರದಲ್ಲಿ ಜನರನ್ನು ಮಲಗಿಸುತ್ತಿದೆ. ಬಲಿತ ಉಣುಗು ರಕ್ತ ಹೀರಿ ಮೊಟ್ಟೆಗೆ ತಯಾರಾಗುವುದು ಬೆಟ್ಟಕ್ಕೆ ಹೋದ ದನದ ಮೈಮೇಲೆ. ದನಕ್ಕೆ ಏನೂ ಆಗುವುದಿಲ್ಲ. ಯಾವ ದನದ ಮೈಗೆ ಉಣುಗು ಕಡಿಮೆ ಹತ್ತುತ್ತದೆ, ಯಾಕೆ ಅಂತ ಯಾರಾದರೂ ಗಿಡ್ಡದ ಡಿಎನ್‌ಎಯಲ್ಲಿ ಹುಡುಕಿದರೆ ನಾನು ಏಳೂ ದನಗಳ ಬಾಲದ ಕೂದಲು ಕಿತ್ತು ಕಳಿಸುತ್ತೇನೆ, ಪೋಸ್ಟ್ ಖರ್ಚು ನನ್ನದೇ.

ಬೆಂಗಳೂರಿನವರಿಗೆ ತುಪ್ಪ ಕೊಟ್ಟೆ. ಸರ್ಟಿಫಿಕೇಟ್ ಇಲ್ಲ ಅಂದೆ. ಗೊಬ್ಬರ ಗುಂಡಿ ತೋರಿಸಿದೆ. ಅವರು ಮೂಗು ಮುಚ್ಚಿಕೊಂಡೇ ನೋಡಿದರು, ಆದರೆ ನೋಡಿದರು.

ಚಂದ್ರಿಗೆ ಎರಡು ವರ್ಷದ ಹಿಂದೆ ಹುಟ್ಟಿದ್ದು ಗಂಡು ಕರು. ಆಯಿ ಬೇಡ ಅಂದರೂ ಉಳಿಸಿಕೊಂಡೆ. ಈಗ ಹೋರಿಯಾಗಿದೆ. ನಮ್ಮೂರಿನ ಆಕಳುಗಳೆಲ್ಲ ಅದಕ್ಕೆ ಒಂದಲ್ಲ ಒಂದು ರೀತಿ ನೆಂಟರೇ. ಯಲ್ಲಾಪುರ ಕಡೆಯೋ, ಹೊನ್ನಾವರದ ಕೆಳಗೋ ಯಾರಾದರೂ ಗಿಡ್ಡದ ಹೋರಿ ಸಾಕಿದ್ದರೆ ಕಾಮೆಂಟಿನಲ್ಲಿ ತಿಳಿಸಿ. ಒಂದು ವರ್ಷದ ಮಟ್ಟಿಗೆ ಅದಲುಬದಲು ಮಾಡಿಕೊಳ್ಳೋಣ. ಗಾಡಿ ನಾನೇ ಮಾಡಿಸುತ್ತೇನೆ. ಸ್ವಲ್ಪ ಹಾಯುತ್ತದೆ, ಈಗಲೇ ಹೇಳಿಬಿಟ್ಟಿದ್ದೇನೆ.