ನಂಗೆ ಯಾರೂ ಹೇಳಲೇ ಇಲ್ಲ!

ಇವತ್ತು ಮಧ್ಯಾಹ್ನ ಹನ್ನೊಂದು ಮರದ ಬುಡ ಎಣಿಸಿ ಬಂದೆ. ಬೂಟಿಗೆ ಅಂಟಿಕೊಂಡು ಬಂದ ಗರಗಸದ ಪುಡಿ ಕಾರಿನ ಮ್ಯಾಟ್ ಮೇಲೆ ಹಾಗೇ ಇದೆ. ಸಿಟ್ಟು ಇನ್ನೂ ಇಳಿದಿಲ್ಲ. ಉದ್ದ ಬರಹ, ತಾಳ್ಮೆ ಇಲ್ಲದವರು ಮುಂದೆ ಹೋಗಿ, ಬೇಜಾರಿಲ್ಲ.

ನಾನು ಏನು ಕೆಲಸ ಮಾಡುತ್ತೇನೆ ಅಂತ ನಿಮಗೆಲ್ಲ ಗೊತ್ತು. ಆದರೂ ಊರಿಗೆ ಬಂದಾಗಲೆಲ್ಲ "ಅಲ್ಲಿ ಫಾರೆಸ್ಟರ್ ಅಂತೆ ಹೌದಾ?" ಅಂತ ಕೇಳುತ್ತೀರಿ. ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಲ್ಯಾಂಡ್ ಟ್ರಸ್ಟಿನಲ್ಲಿ, ಅಂದರೆ ಜಮೀನು ಹಾಳಾಗದ ಹಾಗೆ ಕಾಯುವ ಲಾಭರಹಿತ ಸಂಸ್ಥೆಯಲ್ಲಿ ಕೆಲಸ. ರೈತರು, ಕಾಡಿನ ಮಾಲೀಕರು ತಮ್ಮ ಜಮೀನಿನ ಮೇಲೆ ಕನ್ಸರ್ವೇಶನ್ ಈಸ್‌ಮೆಂಟ್ ಬರೆದುಕೊಟ್ಟಿರುತ್ತಾರೆ. ವರ್ಷಕ್ಕೊಮ್ಮೆ ಆ ಜಮೀನೆಲ್ಲ ನಡೆದು, ಬರೆದದ್ದು ಬರೆದ ಹಾಗೆ ಇದೆಯಾ ಅಂತ ನೋಡುವವಳು ನಾನು. ಯೂನಿಫಾರ್ಮ್ ಇಲ್ಲ, ಜೀಪಿಲ್ಲ. ಕೈಯಲ್ಲಿ ಒಂದು ಟ್ಯಾಬ್, ಜೇಬಿನಲ್ಲಿ ಉಣುಗು ಕೀಳುವ ಚಿಮಟ.

ಈಸ್‌ಮೆಂಟ್ ಅಂದರೆ ನಮ್ಮಲ್ಲಿ ಪಕ್ಕದವರ ತೋಟದ ದಾರಿ, ನೀರಿನ ಕಾಲುವೆ, ಅದರ ಮೇಲೆ ಮೂರು ತಲೆಮಾರಿನ ಕೋರ್ಟ್ ಕೇಸು. 1882ರ ಕಾಯಿದೆಯ ಈಸ್‌ಮೆಂಟ್ ಅದು. ಇಲ್ಲಿನದ್ದು ಬೇರೆ. ಇಲ್ಲಿನ ವಕೀಲರು ಜಮೀನಿನ ಒಡೆತನವನ್ನು ಕೋಲುಗಳ ಹೊರೆ ಅನ್ನುತ್ತಾರೆ. ನಮಗೆ ಬಿಡಿಸಿ ಹೇಳಬೇಕಾ, ಕಟ್ಟಿಗೆ ಹೊರೆ ಹೊತ್ತವರಿಗೆ! ಒಂದೊಂದು ಕೋಲು ಒಂದೊಂದು ಹಕ್ಕು. ಉಳುವುದು ಒಂದು, ಮಾರುವುದು ಒಂದು, ಮಕ್ಕಳಿಗೆ ಬಿಟ್ಟು ಹೋಗುವುದು ಒಂದು, ಸೈಟ್ ಮಾಡಿ ಹಂಚುವುದು ಇನ್ನೊಂದು. ಈಸ್‌ಮೆಂಟ್ ಬರೆಯುವವರು ಆ ಕೊನೆಯ ಕೋಲನ್ನು ಎಳೆದು ಟ್ರಸ್ಟಿನ ಕೈಗೆ ಕೊಡುತ್ತಾರೆ. ಕೆಲವರು ಹೊಳೆ ಬದಿಯ ಮರ ಕಡಿಯುವ ಕೋಲನ್ನೂ ಕೊಡುತ್ತಾರೆ. ಉಳಿದ ಹೊರೆ ಅವರದ್ದೇ. ಬೇಲಿ ಅವರದ್ದು, ತೆರಿಗೆ ಕಟ್ಟುವವರು ಅವರೇ. ಕೊಟ್ಟ ಕೋಲನ್ನು ಟ್ರಸ್ಟೂ ಬಳಸುವ ಹಾಗಿಲ್ಲ. ಅಟ್ಟದ ಮೇಲೆ ಇಟ್ಟು ಕಾಯಬೇಕು, ಅಷ್ಟೇ. ಮುಂದೆ ಜಮೀನು ಯಾರ ಕೈಗೆ ಹೋದರೂ ಆ ಕೋಲು ವಾಪಸ್ ಇಲ್ಲ. ನನಗೆ ಸಂಬಳ ಬರುವುದು ಆ ಅಟ್ಟ ಕಾಯುವುದಕ್ಕೆ.

ಇವತ್ತು ಹೋದ ಜಮೀನು 62 ಎಕರೆ. 2006ರಲ್ಲಿ ಒಬ್ಬಳು ಅಜ್ಜಿ ಬರೆದುಕೊಟ್ಟದ್ದು. ನಾನು ಕೆಲಸಕ್ಕೆ ಸೇರಿದಾಗ ಅವಳು ಇನ್ನೂ ಇದ್ದಳು. ವರ್ಷಕ್ಕೊಮ್ಮೆ ಹೋದಾಗ ಕೋಲೂರಿಕೊಂಡು ನನಗಿಂತ ಮುಂದೆ ನಡೆಯುತ್ತಿದ್ದಳು. ಹೊಳೆಯ ಎರಡೂ ದಡದಲ್ಲಿ ಐವತ್ತು ಅಡಿ ಯಾರೂ ಮರ ಮುಟ್ಟಬಾರದು ಅಂತ ಅವಳೇ ಹಟ ಹಿಡಿದು ಬರೆಸಿದ್ದಂತೆ. ದಡದ ತುಂಬ ಸಿಕಮೋರ್ ಮರ. ನಮ್ಮ ನಂದಿ ಮರ ನೋಡಿದ್ದೀರಲ್ಲ, ಅದೇ ತರ ತೊಗಟೆ ಸುಲಿದು ಬೆಳ್ಳಗೆ ಕಾಣುತ್ತದೆ. ಚಳಿಗಾಲದಲ್ಲಿ ಎಲೆ ಉದುರಿದ ಮೇಲೆ ಮೂಳೆಯ ಹಾಗೆ ನಿಂತಿರುತ್ತಿದ್ದವು. ಅಜ್ಜಿ ತೀರಿಕೊಂಡಳು, ಮಕ್ಕಳು ಬೇರೆ ಬೇರೆ ರಾಜ್ಯದಲ್ಲಿದ್ದರು, ಮಾರಿದರು. 2021ರಲ್ಲಿ ಸಿಟಿಯವರೊಬ್ಬರು ಕೊಂಡರು.

ಈಸ್‌ಮೆಂಟ್ ಬರೆಯುವ ಮುಂಚೆ ಜಮೀನಿನ ಬೇಸ್‌ಲೈನ್ ವರದಿ ಮಾಡಿರುತ್ತಾರೆ. ಎಲ್ಲಿ ನಿಂತು ಯಾವ ದಿಕ್ಕಿಗೆ ಫೋಟೋ ತೆಗೆದದ್ದು ಅಂತ ನಂಬರ್ ಹಾಕಿರುತ್ತದೆ. ನಾವು ಪ್ರತಿ ವರ್ಷ ಅಲ್ಲೇ ನಿಂತು ಮತ್ತೆ ತೆಗೆಯಬೇಕು. ಏಳನೇ ಪಾಯಿಂಟಿಗೆ ಬಂದು ಟ್ಯಾಬ್ ಎತ್ತಿದೆ. ಫೋಟೋದಲ್ಲಿ ಮರ. ಎದುರಿಗೆ ಆಕಾಶ.

ಒಂದು ಕ್ಷಣ ಜಾಗ ತಪ್ಪಿ ಬಂದೆನೇನೋ ಅಂದುಕೊಂಡೆ. ಆಮೇಲೆ ಬುಡಗಳು ಕಂಡವು. ಹನ್ನೊಂದು. ಪಕ್ಕದಲ್ಲಿ ಹೊಸ ಮರದ ಕಟ್ಟೆ, ಎರಡು ಆರಾಮ ಕುರ್ಚಿ, ಬೆಂಕಿ ಕಾಯಿಸಲು ಕಲ್ಲಿನ ಒಲೆ. ಮನೆಯ ಕಿಟಕಿಯಿಂದ ಈಗ ನೀರು ಚೆನ್ನಾಗಿ ಕಾಣುತ್ತದೆ. ವ್ಯೂ!

ಮನುಷ್ಯ ಒಳ್ಳೆಯವನೇ. ಕುಡಿಯೋಕೆ ತಣ್ಣಗೆ ಏನಾದರೂ ಬೇಕಾ ಅಂತ ಕೇಳಿದ. ಆಮೇಲೆ ಎರಡೂ ಕೈ ಅಗಲಿಸಿ ಹೇಳಿದ: "ನೋಬಡಿ ಟೋಲ್ಡ್ ಮಿ."

ಯಾರೂ ಹೇಳಲಿಲ್ಲವಂತೆ. ಅವನ ಕ್ರಯಪತ್ರದಲ್ಲೇ "ಈಸ್‌ಮೆಂಟಿಗೆ ಒಳಪಟ್ಟು" ಅಂತ ಇದೆ. ಕೌಂಟಿ ಕಚೇರಿಯಲ್ಲಿ ರಿಜಿಸ್ಟರ್ ಆಗಿದೆ. ಒಡೆತನದ ದಾಖಲೆ ನೋಡಿದವರೂ ಅದನ್ನು ಬರೆದುಕೊಟ್ಟಿದ್ದಾರೆ. ಜಮೀನು ಕೈ ಬದಲಾದ ತಿಂಗಳೇ ನಾವು ನಕ್ಷೆ ಸಮೇತ ಒಂದು ಹಸಿರು ಫೋಲ್ಡರ್ ಕಳಿಸಿದ್ದೆವು. ಅದು ಇವತ್ತೂ ಫ್ರಿಜ್ಜಿನ ಮೇಲೆ, ಧಾನ್ಯದ ಡಬ್ಬಿಗಳ ಕೆಳಗೆ, ಗೋಂದು ಕೂಡ ಬಿಚ್ಚದೆ ಕೂತಿತ್ತು. ಇದೆಲ್ಲ ಹೋಗಲಿ. 2022ರಲ್ಲಿ ನಾನೇ ಅವನ ಜೊತೆ ಇಡೀ ದಡ ನಡೆದಿದ್ದೇನೆ. ಆ ವರ್ಷದ ನನ್ನ ವರದಿಯ ಏಳನೇ ಫೋಟೋದಲ್ಲಿ ಅವನೇ ಇದ್ದಾನೆ. ಅದೇ ಮರಕ್ಕೆ ಒರಗಿಕೊಂಡು, ನಗುತ್ತಾ.

ಯಾರೂ ಹೇಳಲಿಲ್ಲ!

ನನ್ನನ್ನು ಕೆರಳಿಸುವುದು ಇನ್ನೊಂದಿದೆ. ಸೈಟ್ ಮಾಡುವ ಹಕ್ಕೇ ಇಲ್ಲದ ಜಮೀನಿಗೆ ಪೇಟೆಯಲ್ಲಿ ಬೆಲೆ ಕಡಿಮೆ. ಈಸ್‌ಮೆಂಟಿಗೆ ಮುಂಚೆ ಎಷ್ಟು ಬಾಳುತ್ತಿತ್ತು, ಆಮೇಲೆ ಎಷ್ಟು ಅಂತ ಅಪ್ರೈಸರ್ ಲೆಕ್ಕ ಹಾಕುತ್ತಾನೆ. ಆ ನಡುವಿನ ವ್ಯತ್ಯಾಸವನ್ನು ಅಜ್ಜಿ ಬಿಟ್ಟುಕೊಟ್ಟದ್ದು. ಅದರ ಲಾಭ ಸಿಕ್ಕಿದ್ದು ಇವನಿಗೆ, ಅಷ್ಟು ಕಡಿಮೆಗೆ ಕೊಂಡ. ಕಡಿಮೆ ಬೆಲೆ ಯಾಕೆ ಅಂತ ಅವತ್ತು ಚೆನ್ನಾಗಿ ಗೊತ್ತಿತ್ತು. ಮರ ಕಡಿಯುವಾಗ ಮರೆತುಹೋಯಿತು. ಎಂಥಾ ಅನುಕೂಲದ ಮರೆವು, ಅಲ್ವಾ?

ಈ ಕೆಲಸದಲ್ಲಿ ಎಲ್ಲರಿಗೂ ಗೊತ್ತಿರುವ ಮಾತಿದು. ಸಹಿ ಹಾಕಿದವರು ಮುರಿಯುವುದು ಅಪರೂಪ. ಮುರಿಯುವವರು ಹೆಚ್ಚಾಗಿ ಆಮೇಲೆ ಕೊಂಡವರು.

ಟ್ಯಾಕ್ಸ್ ವಿಷಯ ಎತ್ತುವವರು ಇರುತ್ತೀರಿ ಅಂತ ಗೊತ್ತು. ಈ ಹಕ್ಕನ್ನು ದಾನವಾಗಿ ಬಿಟ್ಟುಕೊಟ್ಟರೆ ಅದರ ಬೆಲೆಯನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಬಹುದು. ಕಳೆದ ಸಲ ಕನ್ನಡ ಕೂಟದ ಊಟದಲ್ಲಿ, ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಾ ಒಬ್ಬ ಸ್ನೇಹಿತರು "ಅದೆಲ್ಲ ದುಡ್ಡಿದ್ದವರ ಟ್ಯಾಕ್ಸ್ ಸ್ಕ್ಯಾಮ್ ಅಲ್ವಾ?" ಅಂದರು. ಹೌದು ಸ್ವಾಮಿ, ಅಂಥವರೂ ಇದ್ದರು. ಜಮೀನು ಕಣ್ಣಲ್ಲೂ ನೋಡದವರು ಪಾಲು ಖರೀದಿಸಿ, ಬೆಲೆ ಹತ್ತು ಪಟ್ಟು ಉಬ್ಬಿಸಿ, ದಾನದ ಲೆಕ್ಕ ತೋರಿಸುತ್ತಿದ್ದರು. 2016ರ ಕೊನೆಗೆ ತೆರಿಗೆ ಇಲಾಖೆ ಅಂಥ ವ್ಯವಹಾರಗಳನ್ನು ಕಪ್ಪುಪಟ್ಟಿಗೆ ಹಾಕಿತು. 2022ರ ಕೊನೆಗೆ ಕಾಯಿದೆಯೇ ಬಂತು: ಪಾಲುದಾರರು ಹಾಕಿದ ಹಣದ ಎರಡೂವರೆ ಪಟ್ಟಿಗಿಂತ ಜಾಸ್ತಿ ದಾನ ತೋರಿಸಿದರೆ ವಿನಾಯಿತಿ ಇಲ್ಲ. ಸರಿ. ಆದರೆ ಹಾಲಿನ ಹಸು ಕಟ್ಟಿಕೊಂಡ ರೈತನನ್ನು ಅವರ ಸಾಲಿಗೆ ಸೇರಿಸಬೇಡಿ. ನಿಜವಾದ ರೈತನಾದರೆ ತನ್ನ ವರ್ಷದ ಆದಾಯದಷ್ಟನ್ನೂ ತೆರಿಗೆ ಲೆಕ್ಕದಿಂದ ಕಳೆಯಬಹುದು, ಮಿಕ್ಕಿದ್ದನ್ನು ಇನ್ನೂ 15 ವರ್ಷ ಮುಂದೆ ಹಾಕಬಹುದು. ಅವನ ಆದಾಯ ಎಷ್ಟಿರುತ್ತದೆ ಅಂತ ನನ್ನನ್ನು ಕೇಳಿ. ಕಳೆಯೋಕೆ ಏನಾದರೂ ಇದ್ದರೆ ತಾನೇ! ಅದಕ್ಕೇ ಇಲ್ಲಿ ರಾಜ್ಯ ಸರ್ಕಾರವೇ ರೈತರಿಗೆ ದುಡ್ಡು ಕೊಟ್ಟು ಈ ಹಕ್ಕನ್ನು ಕೊಳ್ಳುತ್ತದೆ. 1988ರಲ್ಲಿ ಶುರುವಾದ ಕಾರ್ಯಕ್ರಮ, ಈಗ ಆರು ಸಾವಿರಕ್ಕೂ ಹೆಚ್ಚು ಫಾರ್ಮ್‌ಗಳು ಉಳಿದಿವೆ.

ಇನ್ನೊಂದು ವಾದ ಸ್ವಲ್ಪ ಗಟ್ಟಿ. "ಒಬ್ಬಳು ಅಜ್ಜಿ ಸಹಿ ಹಾಕಿದ್ದಕ್ಕೆ ಮುಂದಿನ ತಲೆಮಾರುಗಳ ಕೈ ಯಾಕೆ ಕಟ್ಟಬೇಕು? ಶಾಶ್ವತ ಅಂದ್ರೆ ಏನು ತಮಾಷೆಯಾ?" ನಾನೂ ಕೆಲಸಕ್ಕೆ ಸೇರಿದಾಗ ಇದನ್ನೇ ಕೇಳಿದ್ದೆ. ಸೋಲಾರ್ ಪ್ಯಾನಲ್ ಬರುತ್ತದೆ ಅಂತ ಕನಸಲ್ಲೂ ಇಲ್ಲದ ಕಾಲದ ಪತ್ರಗಳಿವೆ. ಈಗ ಪಾಪ ಕೊಟ್ಟಿಗೆ ಪಕ್ಕ ನಾಲ್ಕು ಪ್ಯಾನಲ್ ಹಾಕೋಕೂ ನಮ್ಮ ವಕೀಲರ ಮುಖ ನೋಡಬೇಕು. ಅದನ್ನು ಒಪ್ಪುತ್ತೇನೆ. ಆದರೆ ನಲವತ್ತು ಮನೆ ಕಟ್ಟಿ ಡಾಂಬರು ಹಾಕುವಾಗ ಯಾವ ಮೊಮ್ಮಗನನ್ನು ಕೇಳುತ್ತೀರಿ? ಅದೂ ಶಾಶ್ವತವೇ. ಆ ಶಾಶ್ವತಕ್ಕೆ ಯಾರ ತಕರಾರೂ ಇಲ್ಲ. ಮರ ನಿಲ್ಲಲಿ ಅನ್ನುವ ಶಾಶ್ವತಕ್ಕೆ ಮಾತ್ರ ತತ್ವಶಾಸ್ತ್ರ ನೆನಪಾಗುತ್ತದೆ.

ಅಪ್ಪನಿಗೆ ಒಮ್ಮೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದ್ದೆ. ಅಪ್ಪ ನಕ್ಕು, "ಆಚಂದ್ರಾರ್ಕ ಅನ್ನು, ಹೊಸದೇನಲ್ಲ" ಅಂದಿದ್ದರು. ಹೌದಲ್ಲ! ನಮ್ಮ ಶಾಸನಗಳ ತುಂಬ ಅದೇ. ಸೂರ್ಯ ಚಂದ್ರರು ಇರುವ ತನಕ ಈ ಭೂಮಿ ಹೀಗೇ ಇರಲಿ ಅಂತ. ಕೊನೆಗೆ ಶಾಪ: ತಾನು ಕೊಟ್ಟದ್ದಾಗಲಿ, ಬೇರೆಯವರು ಕೊಟ್ಟದ್ದಾಗಲಿ, ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ. ಎಷ್ಟು ಸ್ಪಷ್ಟ ನೋಡಿ. ನಮ್ಮ ಪತ್ರದಲ್ಲಿ ಇಪ್ಪತ್ತಾರು ಪುಟ ಇದೆ, ಒಂದು ಹುಳುವೂ ಇಲ್ಲ. ಬದಲಿಗೆ ಕೋರ್ಟ್ ಖರ್ಚಿಗೆ ಲ್ಯಾಂಡ್ ಟ್ರಸ್ಟುಗಳೆಲ್ಲ ಸೇರಿ ಮಾಡಿಕೊಂಡ ಇನ್ಶೂರೆನ್ಸ್ ಇದೆ. ಇವತ್ತು ಆ ಕಟ್ಟೆಯ ಮೇಲೆ ನಿಂತಾಗ ನನಗೆ ಹುಳುವೇ ವಾಸಿ ಅನಿಸಿತು.

ಇಲ್ಲಿಗೆ ಬರಹ ಮುಗಿಸಬೇಕಿತ್ತು. ನಾನು ಒಳ್ಳೆಯವಳು, ಅವನು ಕೆಟ್ಟವನು, ನೀವು ಲೈಕ್ ಒತ್ತಿ ಮಲಗುತ್ತಿದ್ದಿರಿ.

ಆದರೆ ವಾಪಸ್ ಬರುವಾಗ ದಾರಿ ತುಂಬ ನಮ್ಮ ಬೆಟ್ಟವೇ ನೆನಪಾಯಿತು. ಶಿರಸಿ ಕಡೆಯವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ. ನೆಲ ನಮ್ಮದಲ್ಲ. ಸೊಪ್ಪು, ದರಕು (ಉದುರಿದ ಒಣ ಎಲೆ), ಕಟ್ಟಿಗೆ ನಮ್ಮದು. 1964ರ ಭೂಕಂದಾಯ ಕಾಯಿದೆಯ 79ನೇ ಕಲಮಿನಲ್ಲಿ ಬೇರೆ ಕಡೆಯ ಇಂಥವೇ ಜಮೀನುಗಳಾದ ಕುಮ್ಕಿ, ಬಾಣೆ, ಕಾನುಗಳ ಜೊತೆ ಇದೂ ಇದೆ. ಇಲ್ಲಿನದ್ದಕ್ಕೆ ಪೂರ್ತಿ ಉಲ್ಟಾ. ಇಲ್ಲಿ ಹೊರೆ ನಿನ್ನದು, ಒಂದು ಕೋಲು ಕೊಟ್ಟಿದ್ದೀಯ. ಅಲ್ಲಿ ಹೊರೆ ಸರ್ಕಾರದ್ದು, ನಮಗೆ ಕೊಟ್ಟದ್ದೇ ಒಂದೆರಡು ಕೋಲು. ತಲೆ ಬಿಟ್ಟು ಸೊಪ್ಪು ಕಡಿ, ಮರ ಸಾಯಬಾರದು ಅಂತ ಅಪ್ಪ ಆಳುಗಳಿಗೆ ಕೆಳಗೆ ನಿಂತು ಕೂಗುತ್ತಿದ್ದರು.

ಅಪ್ಪ ಹೋದ ಎರಡನೇ ವರ್ಷ ತಮ್ಮ ಫೋನ್ ಮಾಡಿದ. "ಅಕ್ಕಾ, ಅಡಿಕೆಗೆ ರೇಟ್ ಬಂದಿದೆ. ಬೆಟ್ಟದ ಕೆಳಗಿನ ಎರಡು ಎಕರೆ ಸಮ ಮಾಡಿ ತೋಟ ಹಾಕೋಣ ಅಂತ. ಪಕ್ಕದವರ ಮನೆಗೆ ಹೇಗೂ ಜೆಸಿಬಿ ಬಂದಿದೆ. ಸುತ್ತ ಎಲ್ಲರೂ ಮಾಡಿದಾರೆ. ನೀ ಏನು ಹೇಳ್ತೆ?"

ಮರದ ಬುಡ ಎಣಿಸಿ ಸಂಬಳ ತಗೊಳ್ಳುವ ನಾನು ಏನು ಹೇಳಿದೆ ಗೊತ್ತಾ? "ನಿಂಗೆ ಸರಿ ಕಂಡದ್ದು ಮಾಡು." ಅವನು ಸುಮ್ನೆ ಕೇಳಲಿಲ್ಲ. ಬೇಡ ಅಂತ ನಾನು ಹೇಳಲಿ ಅಂತಲೇ ಕೇಳಿದ್ದ, ಈಗ ಅನಿಸುತ್ತದೆ. ತಿಂಗಳ ಮೇಲೆ ವಾಟ್ಸಾಪಿನಲ್ಲಿ ಫೋಟೋ ಬಂತು. ಕೆಂಪು ಮಣ್ಣು, ಸಾಲಾಗಿ ಅಡಿಕೆ ಸಸಿ, ಮೂಲೆಯಲ್ಲಿ ಬೇರು ಮೇಲಾಗಿ ಬಿದ್ದ ಒಂದು ಮತ್ತಿ ಮರ. ಹೆಬ್ಬೆರಳು ಒತ್ತಿದೆ.

ಆಮೇಲೆ ಯಾರೋ ನಮ್ಮ ಮೇಲೆ ದೂರು ಅರ್ಜಿ ಹಾಕಿದರು, ವಿಚಾರಣೆಗೆ ಬರುತ್ತಾರಂತೆ ಅಂತ ತಮ್ಮ ಗಾಬರಿಯಾದ. ಏನು ಹೇಳಲಿ ಅಂತ ಕೇಳಿದ.

"ನಮಗೆ ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ ಅನ್ನು" ಅಂದವಳು ನಾನೇ.

ಈಗ ರಾತ್ರಿ ಹನ್ನೊಂದು ಗಂಟೆ. ನಾಳೆ ಬೆಳಿಗ್ಗೆ ಆ ಮನುಷ್ಯನಿಗೆ ನೋಟಿಸ್ ಹೋಗಬೇಕು. ಕಟ್ಟೆ ತೆಗೆಯಬೇಕು, ದಡದಲ್ಲಿ ಮತ್ತೆ ಸಿಕಮೋರ್ ನೆಡಬೇಕು. ಪೆನ್ಸಿಲ್ ದಪ್ಪದ ಸಸಿಗಳು, ಜಿಂಕೆ ತಿನ್ನದ ಹಾಗೆ ಒಂದೊಂದಕ್ಕೂ ಪ್ಲಾಸ್ಟಿಕ್ ಕೊಳವೆ ಹಾಕಬೇಕು. "ನಿಮಗೆ ಮೊದಲೇ ತಿಳಿದಿರುವಂತೆ" ಅಂತ ಪತ್ರ ಶುರು ಮಾಡಿ ಎರಡು ಸಲ ಅಳಿಸಿದೆ. ಮೂರನೇ ಸಲ ಹಾಗೇ ಬಿಟ್ಟಿದ್ದೇನೆ.