ದೊಡ್ಡಮ್ಮನಿಗೆ ಆರಡಿ ಜಾಗ

ದೊಡ್ಡಮ್ಮ ತೀರಿಕೊಂಡಿದ್ದು ಒಂದು ಶುಕ್ರವಾರ ಸಂಜೆ. ಶನಿವಾರ ಮಧ್ಯಾಹ್ನ ಎರಡು ಗಂಟೆಯಾದರೂ ಎಲ್ಲಿ ಮಣ್ಣು ಮಾಡೋದು ಅಂತ ನಮಗೆ ಗೊತ್ತಿರಲಿಲ್ಲ.

ದೊಡ್ಡಪ್ಪನ ಸಮಾಧಿ ನಮ್ಮೂರಿನ ನಮ್ಮ ಸಭೆಯ, ಅಂದರೆ ಚರ್ಚಿನ, ಸಿಮೆಟ್ರಿಯಲ್ಲಿದೆ. ಪಕ್ಕದಲ್ಲೇ ದೊಡ್ಡಮ್ಮನಿಗೆ ಅಂತ ಜಾಗ ಬಿಟ್ಟಿದ್ದರು. ಆದರೆ ದೊಡ್ಡಮ್ಮ ಕೊನೆಯ ಹನ್ನೊಂದು ವರ್ಷ ಪೆಂಟೆಕೋಸ್ಟಲ್ ಅನ್ನೋ ಬೇರೆ ಕ್ರೈಸ್ತ ಪಂಗಡದ ಪ್ರಾರ್ಥನೆಗೆ ಹೋಗುತ್ತಿದ್ದರು. ಕೆರೆಯಲ್ಲಿ ಮುಳುಗಿ ಎರಡನೇ ಸಲ ದೀಕ್ಷಾಸ್ನಾನ (ಬ್ಯಾಪ್ಟಿಸಂ) ತಗೊಂಡಿದ್ದರು. ಕಮಿಟಿಯ ಹಿರಿಯರೊಬ್ಬರು ರಿಜಿಸ್ಟರ್ ತೆಗೆದು ಬೆರಳಿಟ್ಟು ತೋರಿಸಿದರು. ದೊಡ್ಡಮ್ಮನ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ. "ಅವರೇ ಸಭೆ ಬಿಟ್ಟು ಹೋದರಲ್ಲಪ್ಪಾ. ಚಂದಾನೂ ಕಟ್ಟಿಲ್ಲ. ನಾನೇನು ಮಾಡ್ಲಿ ಹೇಳು?"

ಅವರು ಕೆಟ್ಟವರಲ್ಲ. ದೊಡ್ಡಪ್ಪನ ಜೊತೆ ಕ್ವಾಯರ್‌ನಲ್ಲಿ ಹಾಡಿದವರು. ಮಾತಾಡುವಾಗ ಅವರ ಕಣ್ಣಲ್ಲೂ ನೀರಿತ್ತು. ಆದರೂ ರಿಜಿಸ್ಟರ್ ಮುಚ್ಚಿದರು.

ದೊಡ್ಡಮ್ಮನ ಪಾಸ್ಟರ್‌ಗೆ ಬಾಡಿಗೆ ಹಾಲ್ ಬಿಟ್ಟರೆ ಬೇರೆ ನೆಲ ಇಲ್ಲ. ಮನೆ ಮುಂದೆ ಫ್ರೀಜರ್ ಪೆಟ್ಟಿಗೆ ಗುಂಯ್ ಅಂತ ಸದ್ದು ಮಾಡ್ತಾ ಇತ್ತು. ಕೊನೆಗೆ ಯಾರೋ ಕ್ಯಾಥೊಲಿಕ್ ಚರ್ಚಿನ ಫಾದರ್‌ಗೆ ಫೋನ್ ಮಾಡಿದರು. ಅವರು ಯಾವ ಸಭೆ, ಯಾವ ಸ್ನಾನ ಅಂತ ಒಂದು ಮಾತೂ ಕೇಳಲಿಲ್ಲ. "ತಗೊಂಡು ಬನ್ನಿ, ಗುಂಡಿ ತೋಡಿಸ್ತೀನಿ" ಅಂದರು.

ಸಂಜೆ ಮಣ್ಣು ಹಾಕುವಾಗ ಕರ್ತನ ಪ್ರಾರ್ಥನೆ ಹೇಳಿದೆವು. ನಾವು "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಶುರು ಮಾಡಿದರೆ ಫಾದರ್ ಮತ್ತು ಅವರ ಕಡೆಯವರು "ಸ್ವರ್ಗದಲ್ಲಿರುವ ನಮ್ಮ ತಂದೆಯೇ" ಅಂದರು. ನಾವು ದೇವರಿಗೆ 'ನಿನ್ನ ನಾಮ' ಅಂತೀವಿ, ಅವರು 'ನಿಮ್ಮ ನಾಮ' ಅಂತಾರೆ. ನಮಗೆ ರಾಜ್ಯ, ಅವರಿಗೆ ಸಾಮ್ರಾಜ್ಯ. ಎರಡು ದನಿ ಒಂದಕ್ಕೊಂದು ತಾಗಿ, ಹಿಂದೆ ಮುಂದೆ ಆಗಿ, 'ಆಮೆನ್' ಹತ್ತಿರ ಬಂದು ಒಟ್ಟಿಗೆ ನಿಂತವು. ನಾನು ಅಲ್ಲಿ ಅತ್ತುಬಿಟ್ಟೆ. ದೊಡ್ಡಮ್ಮನಿಗಾಗಿ ಅತ್ತೆನೋ ನಮ್ಮೆಲ್ಲರಿಗಾಗಿ ಅತ್ತೆನೋ ಈಗಲೂ ಹೇಳೋಕೆ ಆಗಲ್ಲ.

ಅವತ್ತಿನಿಂದ ಸಭೆಗಳ ಒಗ್ಗಟ್ಟಿನ ಬಗ್ಗೆ ಓದೋದು, ಕೇಳೋದು ಜಾಸ್ತಿ ಆಗಿದೆ. ಒಂದು ವಿಷಯ ನನಗೆ ಖಾತ್ರಿಯಾಗಿದೆ. ಒಂದಾಗೋಕೆ ಬರಲ್ಲ ಅನ್ನೋದು ಸುಳ್ಳು. ನಮ್ಮ ಹಿರಿಯರು ಒಂದಾಗಿ ತೋರಿಸಿದ್ದಾರೆ, ಅದೂ ನಮ್ಮ ಪಕ್ಕದಲ್ಲೇ.

1919ರಲ್ಲಿ ತಮಿಳುನಾಡಿನ ಕಡಲ ದಂಡೆಯ ತರಂಗಂಬಾಡಿಯಲ್ಲಿ 33 ಜನ ಸೇರಿದರು. ಇಬ್ಬರನ್ನು ಬಿಟ್ಟರೆ ಎಲ್ಲರೂ ಭಾರತೀಯರು. ಮುಂದೆ ನಿಂತವರು ವಿ. ಎಸ್. ಅಜರಯ್ಯ. 1912ರಲ್ಲಿ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ ಮೂಲದ) ಸಭೆಯ ಮೊದಲ ಭಾರತೀಯ ಬಿಷಪ್, ಅಂದರೆ ಪಾದ್ರಿಗಳ ಮೇಲಿನ ಹಿರಿಯ, ಆದವರು. ಅವರ ಪ್ರಶ್ನೆ ತುಂಬ ಸರಳ. ಈ ಒಡಕುಗಳು ಹುಟ್ಟಿದ್ದು ಯುರೋಪಿನ ಜಗಳಗಳಲ್ಲಿ. ಅವನ್ನು ನಾವು ಯಾಕೆ ಹೊರಬೇಕು? ಹಳ್ಳಿಯ ಜನಕ್ಕೆ ಒಬ್ಬ ಕ್ರಿಸ್ತನನ್ನು ತೋರಿಸ್ತೀವಿ ಅಂತ ಹೋಗಿ ನಾಲ್ಕು ಬಾಗಿಲು ತೋರಿಸಿದರೆ ಯಾರು ನಂಬ್ತಾರೆ?

ಆಮೇಲೆ 28 ವರ್ಷ ಮಾತುಕತೆ. ಗಂಟು ಬಿದ್ದಿದ್ದು ಬಿಷಪ್ ಅನ್ನೋ ಜಾಗದಲ್ಲಿ. ಬಿಷಪ್ ತಲೆ ಮೇಲೆ ಕೈಯಿಟ್ಟು ಅಭಿಷೇಕ ಮಾಡದ ಪಾದ್ರಿ ಪೂರ್ತಿ ಪಾದ್ರಿಯೇ ಅಲ್ಲ ಅನ್ನುವವರು ಒಂದು ಕಡೆ. ಬಿಷಪ್ ಅನ್ನುವ ಹುದ್ದೆಯೇ ಬೇಡ, ಪ್ರತಿ ಸಭೆಯೂ ತನ್ನ ಕೆಲಸ ತಾನೇ ನೋಡ್ಕೊಳ್ಳಲಿ ಅನ್ನುವವರು ಇನ್ನೊಂದು ಕಡೆ. ಕೊನೆಗೆ ಬಿಷಪ್ ಇರಲಿ, ಆದರೆ ಸಭೆಯವರು ಸೇರಿ ಆರಿಸಲಿ ಅಂತ ಒಪ್ಪಿದರು. ಹಳೆಯ ಪಾದ್ರಿಗಳಿಗೆ ಮತ್ತೆ ಅಭಿಷೇಕ ಬೇಡ, ಅವರು ಈಗ ಇರೋ ಹಾಗೇ ನಮ್ಮವರು ಅಂದರು. ಬೇಡದ ಆರಾಧನಾ ಕ್ರಮವನ್ನು ಯಾವ ಸಭೆಯ ಮೇಲೂ ಹೇರಬಾರದು ಅಂತಲೂ ಬರೆದುಕೊಂಡರು.

ಸ್ವಾತಂತ್ರ್ಯ ಬಂದು ಒಂದೂವರೆ ತಿಂಗಳಾಗಿತ್ತು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್, ವೆಸ್ಲಿಯನ್ ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ ಆಯಿತು. ನಾವೆಲ್ಲ ಸಿಎಸ್‌ಐ ಅನ್ನೋದು ಅದನ್ನೇ. ಬಿಷಪ್ ಇದ್ದ ಸಭೆ, ಬಿಷಪ್ ಇಲ್ಲದ ಸಭೆ ಹೀಗೆ ಒಂದಾಗಿದ್ದು ಲೂಥರ್ ಕಾಲದಲ್ಲಿ ಪ್ರೊಟೆಸ್ಟೆಂಟರು ಕ್ಯಾಥೊಲಿಕರಿಂದ ಒಡೆದು ಹೋದ ಮೇಲೆ ಅದೇ ಮೊದಲು. ಇಂಗ್ಲೆಂಡಿನ ದೊಡ್ಡ ಸಭೆ ಇವರನ್ನು ಪೂರ್ತಿ ಒಪ್ಪಿಕೊಳ್ಳೋಕೆ ಎಷ್ಟೋ ವರ್ಷ ಹಿಂದೆಮುಂದೆ ನೋಡಿತು. ಇವರು ಕಾಯಲಿಲ್ಲ. ಅಜರಯ್ಯ ಮಾತ್ರ ಆ ದಿನ ಕಾಣಲಿಲ್ಲ. 1945ರ ಜನವರಿ 1ರಂದೇ ತೀರಿಕೊಂಡಿದ್ದರು.

ನಮ್ಮ ಕರ್ನಾಟಕದಲ್ಲಿ ಹಳೇ ಮೈಸೂರಿನ ವೆಸ್ಲಿಯನ್ ಸಭೆಗಳು, ಮಂಗಳೂರು ಧಾರವಾಡದ ಬಾಸೆಲ್ ಮಿಷನ್ ಸಭೆಗಳು ಇವತ್ತು ಇದೇ ಸಿಎಸ್‌ಐನಲ್ಲಿವೆ. ನಮ್ಮ ಅಜ್ಜಂದಿರು ಆರಾಧನೆಯ ಕ್ರಮ ಬಿಟ್ಟುಕೊಟ್ಟರು, ಅಧಿಕಾರ ಬಿಟ್ಟುಕೊಟ್ಟರು, ಕೊನೆಗೆ ಹೆಸರನ್ನೂ ಬಿಟ್ಟುಕೊಟ್ಟರು. ನಾವು ಆರಡಿ ನೆಲ ಬಿಡೋಕೆ ತಯಾರಿಲ್ಲ. ನನಗೆ ನೋವಾಗೋದು ಇಲ್ಲೇ.

ಎಲ್ಲ ಕಡೆ ಹೀಗೆ ಆಗಲಿಲ್ಲ, ಒಪ್ತೀನಿ. 1970ರ ನವೆಂಬರ್‌ನಲ್ಲಿ ನಾಗಪುರದಲ್ಲಿ ಉತ್ತರ ಭಾರತದ ಸಭೆಗಳು ಒಂದಾದಾಗ, ಅಮೆರಿಕದ ಮೂಲದ ಮೆಥೊಡಿಸ್ಟರು ಕೊನೇ ಗಳಿಗೆಯಲ್ಲಿ ಹಿಂದೆ ಸರಿದರು. ಬೀದರ್, ಕಲಬುರಗಿ, ಕೋಲಾರದ ಕಡೆಯ ಮೆಥೊಡಿಸ್ಟರು ಇವತ್ತಿಗೂ ಬೇರೆಯಾಗಿಯೇ ಇದ್ದಾರೆ. ಲುಥೆರನ್ನರ ಜೊತೆಯೂ ವರ್ಷಗಟ್ಟಲೆ ಮಾತಾಡಿ ಸೇರಲಾಗಲಿಲ್ಲ.

ಆದರೂ ಸಿದ್ಧಾಂತದ ಗೋಡೆ ಮೊದಲಿನಷ್ಟು ಎತ್ತರ ಇಲ್ಲ. 1054ರಿಂದ ರೋಮ್ (ಪಶ್ಚಿಮದ ಕ್ಯಾಥೊಲಿಕರು) ಮತ್ತು ಕಾನ್‌ಸ್ಟಾಂಟಿನೋಪಲ್ (ಪೂರ್ವದ ಆರ್ಥೊಡಾಕ್ಸರು) ಒಬ್ಬರಿಗೊಬ್ಬರು ಹಾಕಿಕೊಂಡಿದ್ದ ಬಹಿಷ್ಕಾರದ ಶಾಪವನ್ನು 1965ರ ಡಿಸೆಂಬರ್‌ನಲ್ಲಿ ಪೋಪ್ ಆರನೇ ಪೌಲ್ ಮತ್ತು ಪೇಟ್ರಿಯಾರ್ಕ್ ಅಥೆನಾಗೊರಸ್ ತೆಗೆದುಹಾಕಿದರು. ಮನುಷ್ಯ ನೀತಿವಂತ ಅನ್ನಿಸಿಕೊಳ್ಳೋದು ನಂಬಿಕೆಯಿಂದಲೋ ಒಳ್ಳೆಯ ಕೆಲಸದಿಂದಲೋ ಅನ್ನೋದು ಲೂಥರ್ ಕಾಲದ ದೊಡ್ಡ ಜಗಳ. ಅದರ ಮೇಲೆ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರೂ ಲುಥೆರನ್ನರೂ ಒಂದೇ ಹೇಳಿಕೆಗೆ ಸಹಿ ಹಾಕಿದರು. 2006ರಲ್ಲಿ ಮೆಥೊಡಿಸ್ಟರೂ ಅದನ್ನು ಒಪ್ಪಿದರು. ಅಂದರೆ ಐನೂರು ವರ್ಷ ಹಿಂದೆ ಯಾವುದಕ್ಕೆ ಬೇರೆಯಾದೆವೋ ಅದರ ಮುಖ್ಯ ಭಾಗದಲ್ಲಿ ಈಗ ಒಪ್ಪಂದ ಇದೆ. ನಮ್ಮ ಊರಿನ ಎಷ್ಟು ಸಭೆಯಲ್ಲಿ ಇದನ್ನು ಜನಕ್ಕೆ ಹೇಳಿದ್ದಾರೆ? ನಾನಂತೂ ನಲವತ್ತು ವರ್ಷ ಪ್ರಸಂಗ ಕೇಳಿದ್ದೀನಿ, ಒಂದು ಸಲವೂ ಕೇಳಿಸಿಲ್ಲ.

ಉಳಿದ ಗಂಟುಗಳು ಸಣ್ಣವಲ್ಲ. ಕ್ಯಾಥೊಲಿಕ್ ಪೂಜೆಯಲ್ಲಿ ನಾನು ಪರಮಪ್ರಸಾದ, ಅಂದರೆ ಕ್ರಿಸ್ತನ ನೆನಪಿನ ರೊಟ್ಟಿ, ತಗೊಳ್ಳುವ ಹಾಗಿಲ್ಲ. ನನ್ನ ತಂಗಿ ಕ್ಯಾಥೊಲಿಕ್ ಹುಡುಗನನ್ನು ಮದುವೆಯಾಗಿದ್ದಾಳೆ. ಅವರ ಮಗನ ಮೊದಲ ಪರಮಪ್ರಸಾದದ ದಿನ ತಂಗಿ ಬೆಂಚಿನಲ್ಲೇ ಕೂತಿದ್ದಳು, ಗಂಡ ಮಗ ಇಬ್ಬರೂ ಸಾಲಿನಲ್ಲಿ ಮುಂದೆ ಹೋದರು. ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ತಾ, ಬಿಚ್ಚಿಕೊಳ್ತಾ ಇದ್ದಳು. ಪೆಂಟೆಕೋಸ್ಟಲ್‌ನವರ ಜೊತೆ ದೀಕ್ಷಾಸ್ನಾನದ ಗಂಟು ಇನ್ನೂ ಬಿಗಿ. ಕೂಸಿದ್ದಾಗ ಆಗಿದ್ದು ಸ್ನಾನವೇ ಅಲ್ಲ ಅಂತ ಅವರು ಹೇಳಿದಾಗ, ನನ್ನ ಅಪ್ಪ ಅಮ್ಮ ನನ್ನನ್ನು ಎತ್ತಿಕೊಂಡು ನಿಂತಿದ್ದ ಆ ಬೆಳಗ್ಗೆಯನ್ನೇ ಅಳಿಸಿದ ಹಾಗಾಗುತ್ತೆ. ಅವರಿಗೂ ನಮ್ಮ ಮೇಲೆ ದೂರಿದೆ. ದೊಡ್ಡಮ್ಮ ಕಾಯಿಲೆ ಬಿದ್ದಾಗ ವಾರಕ್ಕೆ ಮೂರು ಸಲ ಮನೆಗೆ ಬಂದವರು ಅವರೇ, ನಾವಲ್ಲ. ದೊಡ್ಡಮ್ಮ ಸಭೆ ಬಿಟ್ಟಿದ್ದು ಸಿದ್ಧಾಂತಕ್ಕಲ್ಲ, ಅಲ್ಲಿ ಯಾರೋ ಕೈ ಹಿಡಿದರು ಅಂತ.

ಜಾತಿ, ಭಾಷೆಯ ವಿಷಯ ಬೇರೆಯೇ ಬರೀಬೇಕು. ಒಂದೇ ಸಭೆಯೊಳಗೆ ಒಂದಾಗದವರು ಇನ್ನೊಂದು ಸಭೆಯ ಜೊತೆ ಹೇಗೆ ಒಂದಾಗ್ತಾರೆ ಅನ್ನೋ ಪ್ರಶ್ನೆ ನ್ಯಾಯವಾದದ್ದೇ.

ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಐಕ್ಯತೆಯ ಪ್ರಾರ್ಥನಾ ವಾರ ಮಾಡ್ತೀವಿ. ಒಂದು ಸಂಜೆ ಎಲ್ಲರೂ ಸೇರಿ ಹಾಡಿ, ಕಾಫಿ ಕುಡಿದು ಹೋಗ್ತೀವಿ. ಬೇಡ ಅನ್ನಲ್ಲ, ಆದರೆ ಸಾಲದು. ಒಡಕಿಗಿಂತ ಮುಂಚಿನ ಬಿಷಪ್‌ಗಳು ಒಟ್ಟಿಗೆ ಕೂತು ಮಾತಾಡಿದ ನೈಸಿಯಾ ಸಮ್ಮೇಳನಕ್ಕೆ 2025ರಲ್ಲಿ 1700 ವರ್ಷ ತುಂಬಿತು. ಅದೇ ವರ್ಷ ಪೂರ್ವದವರ ಈಸ್ಟರೂ ಪಶ್ಚಿಮದವರ ಈಸ್ಟರೂ ಏಪ್ರಿಲ್ 20ರಂದು ಒಂದೇ ದಿನ ಬಂತು. ಕ್ಯಾಲೆಂಡರ್ ತಾನಾಗೇ ಕೂಡಿಬಂತು. ಮನುಷ್ಯರು ಹಾಗೆ ಕೂಡಿಬರಲ್ಲ, ಯಾರಾದರೂ ಮೊದಲು ಏನಾದರೂ ಬಿಡಬೇಕು.

ಎಲ್ಲ ಸಭೆಗೂ ಒಂದೇ ಆಡಳಿತ ಬರಲಿ ಅಂತ ನಾನು ಕೇಳ್ತಿಲ್ಲ. ಆ ಕಾಲ ಬಂದಾಗ ಬರಲಿ. ಒಬ್ಬರ ದೀಕ್ಷಾಸ್ನಾನವನ್ನು ಇನ್ನೊಬ್ಬರು ಒಪ್ಪೋಣ, ಮದುವೆಗೆ ಎರಡೂ ಕಡೆಯ ಪಾದ್ರಿಗಳು ನಿಲ್ಲಲಿ, ಸತ್ತವರನ್ನು ಯಾವ ಸಭೆ ಅಂತ ಕೇಳದೆ ಮಣ್ಣು ಮಾಡೋಣ. ಇಷ್ಟರಲ್ಲಿ ಕೊನೆಯದಕ್ಕೆ ರೋಮಿನ ಪೋಪರಿಂದಲೂ ಚೆನ್ನೈನ ಸಿಎಸ್‌ಐ ಕಚೇರಿಯಿಂದಲೂ ಅಪ್ಪಣೆ ಕಾಯಬೇಕಾಗಿಲ್ಲ ಅಂತ ನನ್ನ ನಂಬಿಕೆ. ನಮ್ಮ ಫಾದರ್ ಒಂದು ಫೋನ್ ಕಾಲ್‌ನಲ್ಲಿ ಮಾಡಿದರಲ್ವಾ?

ಯೇಸು ಕ್ರಿಸ್ತನ ದೀಕ್ಷಾಸ್ನಾನ ಪಡೆದ ಯಾರಿಗೇ ಆಗಲಿ ನಮ್ಮ ಸಿಮೆಟ್ರಿಯಲ್ಲಿ ಜಾಗ ಕೊಡಬೇಕು ಅಂತ ನಾನು ಒಂದು ಅರ್ಜಿ ಬರೆದು ಕೊಟ್ಟಿದ್ದೀನಿ. ಇಪ್ಪತ್ತೆರಡು ಮನೆಯವರು ಸಹಿ ಹಾಕಿದ್ದಾರೆ. ರಿಜಿಸ್ಟರ್ ತೋರಿಸಿದ ಆ ಹಿರಿಯರೂ ಮೊನ್ನೆ ಮನೆಗೆ ಬಂದು, ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಸಹಿ ಹಾಕಿ ಹೋದರು. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಕಮಿಟಿ ಸೇರುತ್ತೆ.

ದೊಡ್ಡಪ್ಪನ ಪಕ್ಕದ ಜಾಗ ಇನ್ನೂ ಖಾಲಿ ಇದೆ. ಈ ಮಳೆಗೆ ಅಲ್ಲಿ ತುಂಬೆ ಗಿಡ ಎದ್ದಿದೆ.