ಮುಂದಿನವ ಮುಚ್ಚುತ್ತಾನೆ

ಮನೆ ಕಟ್ಟುವ ಜಾಗದಲ್ಲಿ ಯಾವ ತಪ್ಪನ್ನು ತೋರಿಸಿದರೂ ಕಂಟ್ರಾಕ್ಟರರಿಂದ ಬರುವ ಉತ್ತರ ಒಂದೇ: "ಅದು ಮತ್ತೆ ಮುಚ್ಚಿ ಹೋಗ್ತದೆ ಮಾರಾಯ್ರೆ." ಕಂಬದ ಬುಡದಲ್ಲಿ ಜಲ್ಲಿ ಹಲ್ಲು ಕಿರಿಯುತ್ತಿದ್ದರೆ ಸಾರಣೆಯಲ್ಲಿ (ಪ್ಲಾಸ್ಟರಿನಲ್ಲಿ) ಮುಚ್ಚಿಹೋಗುತ್ತದೆ. ಸಾರಣೆ ಅಂಕುಡೊಂಕಾದರೆ ಪುಟ್ಟಿಯಲ್ಲಿ, ಪುಟ್ಟಿ ಬಿರಿದರೆ ಪೈಂಟಿನಲ್ಲಿ. ಸ್ಲ್ಯಾಬಿನ ಅಡಿಭಾಗ ಸೊಟ್ಟಗಿದ್ದರೆ ಜಿಪ್ಸಮ್ ಸೀಲಿಂಗ್ ಉಂಟಲ್ಲ! ಮೇಸ್ತ್ರಿಗೆ ಸಾರಣೆಯವನ ಮೇಲೆ, ಸಾರಣೆಯವನಿಗೆ ಪೈಂಟರನ ಮೇಲೆ, ಹೀಗೆ ಪ್ರತಿಯೊಬ್ಬನಿಗೂ ತನ್ನ ಮುಂದಿನವನ ಮೇಲೆ ಅಪಾರ ವಿಶ್ವಾಸ. ಈ ಸಾಲಿನಲ್ಲಿ ನಂಬಲು ಮುಂದೆ ಯಾರೂ ಇಲ್ಲದವರು ಮನೆ ಯಜಮಾನರೊಬ್ಬರೇ. ಅವರ ನಂತರ ಬರುವುದು ಜೂನ್ ತಿಂಗಳು.

ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ. ಅದೂ ನೆಟ್ಟಗೆ ಬೀಳುವ ಮಳೆಯಲ್ಲ. ಪಡುವಣ ಗಾಳಿಗೆ ಓರೆಯಾಗಿ ಬಂದು ಗೋಡೆಗೆ, ಕಿಟಕಿಗೆ ಬಡಿಯುವಂಥದ್ದು. ಇಂಜಿನಿಯರರ ಕಣ್ಣಿಗೆ ಬೀಳದ್ದೆಲ್ಲ ಅದಕ್ಕೆ ಸಿಗುತ್ತದೆ. ಆದರೆ ಅಷ್ಟು ಹೊತ್ತಿಗೆ ತಪ್ಪಿನ ಮೇಲೆ ನಾಲ್ಕು ಪದರ ಕೂತಿರುತ್ತದೆ, ಒಂದನ್ನು ಸರಿಮಾಡಲು ನಾಲ್ಕನ್ನೂ ಒಡೆಯಬೇಕು. ಆದ್ದರಿಂದ ಕಂಟ್ರಾಕ್ಟರರಿಂದ ಕೆಲಸ ಸರಿಮಾಡಿಸಿಕೊಳ್ಳುವುದೆಂದರೆ ಜಗಳ ಆಡುವುದಲ್ಲ. ಒಬ್ಬ ಹೋಗಿ ಇನ್ನೊಬ್ಬ ಬರುವುದರ ನಡುವೆ ಹೋಗಿ ನಿಲ್ಲುವುದು.

ಹಾಗೆ ನಿಲ್ಲಬೇಕಾದ ಮೊದಲ ದಿನವೆಂದರೆ ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹಿಡಿದುಕೊಳ್ಳುವ ಹಲಗೆ, ಆಸರೆ) ಬಿಚ್ಚುವ ದಿನ. ಕಂಬದ ಪಕ್ಕದ ಹಲಗೆಯನ್ನು 16ರಿಂದ 24 ಗಂಟೆ ಕಳೆದ ಮೇಲೆ ತೆಗೆಯಬಹುದು. ಸ್ಲ್ಯಾಬಿನ ಅಡಿಯ ಪ್ರಾಪುಗಳನ್ನು (ಆಸರೆಯ ಕಂಬಗಳನ್ನು) ಮಾತ್ರ ಸ್ಲ್ಯಾಬ್ ಆಧಾರದಿಂದ ಆಧಾರಕ್ಕೆ ನಾಲ್ಕೂವರೆ ಮೀಟರಿನವರೆಗೆ ಇದ್ದರೆ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ ಮುಟ್ಟಬಾರದು. ಪ್ರಾಪು ಇನ್ನೊಂದು ಸೈಟಿಗೆ ಬೇಕಾಗಿದೆ ಎಂಬುದು ಅವಸರಕ್ಕೆ ಕಾರಣವಾಗಬಾರದು. ಹಲಗೆ ತೆಗೆದ ಕೂಡಲೇ ಕಂಬದ ಬುಡಕ್ಕೆ ಟಾರ್ಚ್ ಹಿಡಿಯಬೇಕು. ಅಲ್ಲಿ ಸಿಮೆಂಟಿಲ್ಲದೆ ಬರೀ ಜಲ್ಲಿ ಕಂಡರೆ ಇಂಜಿನಿಯರರು 'ಹನಿಕೋಂಬ್' ಎನ್ನುತ್ತಾರೆ. ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಬುಡದವರೆಗೆ ಇಳಿದಿಲ್ಲ, ಇಲ್ಲವೇ ಕಾಂಕ್ರೀಟನ್ನು ಎತ್ತರದಿಂದ ಸುರಿದು ಜಲ್ಲಿ ಬೇರೆ ಗಾರೆ ಬೇರೆ ಆಗಿದೆ, ಅದೂ ಅಲ್ಲದಿದ್ದರೆ ಹಲಗೆಯ ಸಂದಿನಿಂದ ಸಿಮೆಂಟ್ ಹಾಲು ಸೋರಿಹೋಗಿದೆ. ಒಂದು ಗಂಟೆ ತಡವಾಗಿ ಹೋದರೆ ಅದರ ಮೇಲೆ ಸಿಮೆಂಟ್ ನೀರು ಬಳಿದಿರುತ್ತಾರೆ, ಕಂಬ ನುಣ್ಣಗೆ ಹೊಳೆಯುತ್ತಿರುತ್ತದೆ. ಸರಿಯಾದ ರಿಪೇರಿ ಎಂದರೆ ಸಡಿಲ ಜಲ್ಲಿಯನ್ನೆಲ್ಲ ಉಳಿಯಿಂದ ಕೆತ್ತಿ ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಹೋಗುವುದು, ತಂತಿಬ್ರಶ್ಶಿನಿಂದ ಉಜ್ಜಿ ತೊಳೆಯುವುದು, ಹಳೆಯದಕ್ಕೆ ಹೊಸದನ್ನು ಅಂಟಿಸುವ ಬಾಂಡಿಂಗ್ ಕೋಟ್ ಹಚ್ಚಿ ಕುಗ್ಗದ ಗ್ರೌಟ್ (ಸಂದು ತುಂಬುವ ತೆಳು ಗಾರೆ) ಅಥವಾ ಮೈಕ್ರೋ ಕಾಂಕ್ರೀಟ್ ತುಂಬಿಸಿ ನೀರು ಹಾಕುವುದು. ಕೆತ್ತುವಾಗ ಕಬ್ಬಿಣ ಕಂಡಿತೋ, ಅಲ್ಲಿಗೆ ಮೇಸ್ತ್ರಿಯ ಅಧಿಕಾರ ಮುಗಿಯಿತು; ಸ್ಟ್ರಕ್ಚರಲ್ ಇಂಜಿನಿಯರರೇ ಬಂದು ನೋಡಬೇಕು.

ಹನಿಕೋಂಬ್ ಬೇರೆ ಊರಿನಲ್ಲೂ ಬಿಟ್ಟುಬಿಡುವಂಥದ್ದಲ್ಲ, ಕಡಲ ಬದಿಯಲ್ಲಂತೂ ಇನ್ನೂ ಕೆಟ್ಟದ್ದು. ಸುರತ್ಕಲ್ಲಿನಲ್ಲೋ ಮಲ್ಪೆಯಲ್ಲೋ ಕಡಲ ಉಪ್ಪುಗಾಳಿ ಆ ತೂತಿನಲ್ಲೇ ಒಳಗೆ ಹೋಗಿ ಕಬ್ಬಿಣ ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಹೊರಗಿನ ಕಾಂಕ್ರೀಟನ್ನೇ ಒಡೆದು ಬೀಳಿಸುತ್ತದೆ. ಕಡಲ ಗಾಳಿಗೆ ನೇರ ಒಡ್ಡಿಕೊಂಡ ಕಾಂಕ್ರೀಟಿಗೆ ಕನಿಷ್ಠ ಎಂ30 ಎಂಬ ಬಲದ ದರ್ಜೆ, ಕಬ್ಬಿಣದ ಮೇಲೆ 45 ಮಿ.ಮೀ. ಕವರ್ (ಕಬ್ಬಿಣವನ್ನು ಮುಚ್ಚುವ ಕಾಂಕ್ರೀಟಿನ ದಪ್ಪ) ಬೇಕೆನ್ನುತ್ತದೆ ಐಎಸ್ 456 ಎಂಬ ಕಾಂಕ್ರೀಟಿನ ಭಾರತೀಯ ಮಾನದಂಡ. ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ ಕವರ್ ಬ್ಲಾಕುಗಳನ್ನು (ಆ ಅಂತರಕ್ಕಾಗಿ ಕಬ್ಬಿಣಕ್ಕೆ ಕೊಡುವ ತುಂಡುಗಳನ್ನು) ಸ್ಕೇಲ್ ಇಟ್ಟು ನೋಡುವುದಕ್ಕೆ ಐದು ನಿಮಿಷ ಸಾಕು. ಬ್ಲಾಕಿನ ಬದಲು ಜಲ್ಲಿ ತುಂಡು ಕೊಟ್ಟಿದ್ದರೆ ಆಗಲೇ ತೆಗೆಸಬೇಕು, ಮರುದಿನ ಮಿಕ್ಸರ್ ಸದ್ದಿನ ನಡುವೆ ನಿಮ್ಮ ಮಾತು ಯಾರಿಗೂ ಕೇಳಿಸದು.

ಇನ್ನು ಬಿರುಕು. ಕೆಂಪುಕಲ್ಲಿನ ಗೋಡೆ ಕಾಂಕ್ರೀಟ್ ಕಂಬವನ್ನು ಸೇರುವಲ್ಲಿ ಉದ್ದಕ್ಕೆ ಗೆರೆ ಎಳೆದಂತೆ ಸಾರಣೆ ಬಿರಿಯುವುದು ನಮ್ಮಲ್ಲಿ ಮಾಮೂಲು. ಎರಡೂ ಬಿಸಿಲಿಗೆ, ನೀರಿಗೆ ಒಂದೇ ರೀತಿ ಹಿಗ್ಗಿ ಕುಗ್ಗುವುದಿಲ್ಲ. ಸಾರಣೆಗೆ ಮೊದಲು ಆ ಸಂದಿಯ ಮೇಲೆ 150ರಿಂದ 200 ಮಿ.ಮೀ. ಅಗಲಕ್ಕೆ ಚಿಕನ್ ಮೆಶ್ (ತೆಳು ತಂತಿಬಲೆ) ಬಡಿದರೆ ಬಹುಮಟ್ಟಿಗೆ ತಪ್ಪುತ್ತದೆ. ಕೆಂಪುಕಲ್ಲು ನೀರು ಕುಡಿಯುವುದರಲ್ಲಿ ಗಟ್ಟಿಗ. ಗೋಡೆಯನ್ನು ಚೆನ್ನಾಗಿ ನೆನೆಸದೆ ಸಾರಣೆ ಮಾಡಿದರೆ ಗಾರೆಯ ನೀರನ್ನೆಲ್ಲ ಅದೇ ಹೀರಿಕೊಂಡು ಸಾರಣೆ ಹುಡಿಹುಡಿಯಾಗುತ್ತದೆ. ಉಗುರಿನಿಂದ ಕೆರೆದಾಗ ಹೊಯ್ಗೆ (ಮರಳು) ಉದುರಿದರೆ ಆ ಭಾಗ ಕಿತ್ತು ಮತ್ತೆ ಮಾಡಬೇಕು, ಪುಟ್ಟಿ ಬಳಿದು ಪ್ರಯೋಜನವಿಲ್ಲ.

ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಬೇರೆ ಜಾತಿಯದು. ಕಿಟಕಿಯ ಮೇಲಿನ ಅಡ್ಡತೊಲೆ, ಅಂದರೆ ಲಿಂಟಲ್, ಎರಡೂ ಬದಿಯ ಗೋಡೆಯ ಮೇಲೆ ಕನಿಷ್ಠ 150 ಮಿ.ಮೀ. ಕೂತಿದೆಯೇ ಎಂದು ವಿಚಾರಿಸಬೇಕು. ಕಲ್ಲಿನ ಸಂದಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಿರುಕಾದರೆ ದೃಷ್ಟಿ ಪಾಯದ ಕಡೆ ಹೋಗಬೇಕು, ಅದರಲ್ಲೂ ಗುಡ್ಡ ಸಮತಟ್ಟು ಮಾಡಿ ಮಣ್ಣು ತುಂಬಿಸಿದ ಜಾಗ ಅಥವಾ ಗದ್ದೆ ಏರಿಸಿದ ಜಾಗವಾದರೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ ತಾರೀಕು ಬರೆಯಿರಿ. ತಿಂಗಳ ನಂತರ ಬಿರುಕು ಗೆರೆ ದಾಟಿದ್ದರೆ ಅದಿನ್ನೂ ನಡೆಯುತ್ತಿದೆ ಎಂದರ್ಥ. ನಡೆಯುವ ಬಿರುಕಿಗೆ ಕ್ರ್ಯಾಕ್ ಫಿಲ್ಲರ್ ತುಂಬಿಸುವುದು ದುಡ್ಡು ದಂಡ.

ಬಾತ್‌ರೂಮಿನದು ಎಲ್ಲಕ್ಕಿಂತ ದೊಡ್ಡ ಪುರಾಣ, ಯಾಕೆಂದರೆ ಅಲ್ಲಿ ಮುಚ್ಚುವುದೇ ಕೆಲಸ. ಸ್ಲ್ಯಾಬಿನ ತಗ್ಗಿನಲ್ಲಿ ಪೈಪು, ಅದರ ಮೇಲೆ ತುಂಬಿಸುವ ಮಣ್ಣು-ಜಲ್ಲಿ, ಅದರ ಮೇಲೆ ಗಾರೆ, ಮತ್ತೆ ಟೈಲ್ಸು. ವಾಟರ್‌ಪ್ರೂಫಿಂಗನ್ನು ಗೋಡೆಗೆ ಒಂದು ಅಡಿ ಹತ್ತಿಸಿ, ಒಣಗಿಸಿ, ಹೊರಹೋಗುವ ಪೈಪಿಗೆ ಬಿರಡೆ ಹಾಕಿ ಆ ತಗ್ಗಿನಲ್ಲಿ 48 ಗಂಟೆ ನೀರು ನಿಲ್ಲಿಸಬೇಕು. ನೀರಿನ ಮಟ್ಟಕ್ಕೆ ಗೋಡೆಯಲ್ಲಿ ಗೆರೆ ಹಾಕಿ, ಕೆಳಗಿನ ಕೋಣೆಯ ಸೀಲಿಂಗ್ ನೋಡಬೇಕು. ಸೋರಿದರೆ ಹೆಚ್ಚಾಗಿ ಪೈಪು ಸ್ಲ್ಯಾಬನ್ನು ತೂರಿಹೋಗುವ ಸುತ್ತಲೇ ಸೋರುತ್ತದೆ. ಈ ಎರಡು ದಿನ ಬಿಟ್ಟುಕೊಡಲು ಟೈಲ್ಸಿನವ ಒಪ್ಪುವುದಿಲ್ಲ. "ನಾಳೆ ಬೇರೆ ಸೈಟ್ ಉಂಟು ಸರ್" ಎನ್ನುತ್ತಾನೆ. ಹೋಗಲಿ ಬಿಡಿ, ಇನ್ನೊಬ್ಬ ಟೈಲ್ಸಿನವ ಸಿಗುತ್ತಾನೆ.

ಟೈಲ್ಸು ಕೂತ ಮೇಲೆ, ಸಂದಿಗೆ ಗ್ರೌಟ್ ತುಂಬುವ ಮೊದಲು, ಒಂದು ನಾಣ್ಯ ಹಿಡಿದು ಪ್ರತಿ ಟೈಲನ್ನೂ ನಡುವೆ ಮತ್ತು ನಾಲ್ಕು ಮೂಲೆಗೆ ತಟ್ಟಬೇಕು. ಹಲಸಿನಕಾಯಿ ಬಡಿದು ನೋಡಿ ಅಭ್ಯಾಸವಿದ್ದ ಕೈಗೆ ಟೊಳ್ಳು ಯಾವುದು, ಗಟ್ಟಿ ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಡುವೆ ನಾಲ್ಕು ಉಂಡೆ ಗಾರೆ ಇಟ್ಟು ಒತ್ತಿದರೆ ಮೂಲೆಗಳೆಲ್ಲ ಖಾಲಿ ಉಳಿಯುತ್ತವೆ. ಅಲ್ಲಿ ಮಂಚದ ಕಾಲು ಕೂತ ದಿನ ಟೈಲ್ಸು ಒಡೆಯುತ್ತದೆ. ವಿಟ್ರಿಫೈಡ್ ಟೈಲ್ಸ್ ನೀರನ್ನು ಅರ್ಧ ಶೇಕಡಾದಷ್ಟೂ ಹೀರುವುದಿಲ್ಲ, ಆದ್ದರಿಂದ ಬರೀ ಸಿಮೆಂಟ್ ಹಾಲು ಅದನ್ನು ಹಿಡಿದುಕೊಳ್ಳದು. ಟೈಲ್ ಅಡ್ಹೆಸಿವನ್ನು ಹಲ್ಲಿನ ಕರಣೆಯಲ್ಲಿ ಇಡೀ ಹರಡಬೇಕು. ಟೊಳ್ಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಅಂದೇ ತೆಗೆಸಿ. ಕೊನೆಗೆ ಒಂದು ಬಕೆಟ್ ನೀರು ಚೆಲ್ಲಿ. ಹತ್ತು ನಿಮಿಷವಾದರೂ ಮೂಲೆಯಲ್ಲಿ ನೀರು ನಿಂತಿದ್ದರೆ ಸ್ಲೋಪ್ ತಪ್ಪಿದೆ.

ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿಯ ಒಂದು ಗುಟ್ಟು ಹೇಳಿಬಿಡಬೇಕು. ಕೆಳಗಿನ ಟ್ರ್ಯಾಕಿನಲ್ಲಿ ಮಳೆನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಕೂರಿಸುವ ಹುಡುಗ ತುಂಬಾ ಶ್ರದ್ಧೆಯಿಂದ ಅದಕ್ಕೂ ಸಿಲಿಕೋನ್ ತುಂಬಿಸಿರುತ್ತಾನೆ! ಟ್ರ್ಯಾಕಿಗೆ ಒಂದು ಚೊಂಬು ನೀರು ಹೊಯ್ದು ನೋಡಿ. ಹೊರಗೆ ಹೋಗದಿದ್ದರೆ ಒಳಗೆ ಬರುತ್ತದೆ. ಹಾಗೆಯೇ ಕಿಟಕಿಯ ಮೇಲೆ ಚಾಚಿದ ಸಜ್ಜಾದ ಅಂಚಿನ ಅಡಿಯಲ್ಲಿ ನೀರು ತೊಟ್ಟಿಕ್ಕುವ ಗೆರೆ ಇದೆಯೇ, ಕಿಟಕಿಯಡಿಯ ಗ್ರಾನೈಟ್ ಹೊರಗೆ ವಾಲಿದೆಯೇ ಎಂದೂ ನೋಡಬೇಕು.

ಕಂಟ್ರಾಕ್ಟರರನ್ನೇ ಬಯ್ಯುತ್ತಾ ಕೂರುವುದು ನ್ಯಾಯವಲ್ಲ. ಸಾರಣೆ ಮುಗಿದ ಮೇಲೆ "ಸ್ವಿಚ್ ಬೋರ್ಡ್ ಸ್ವಲ್ಪ ಆಚೆ ಹಾಕುವ" ಎಂದು ಗೋಡೆ ಕೊರೆಸುವುದು ನಾವೇ. ಅದಕ್ಕಿಂತ ದೊಡ್ಡ ಅಪರಾಧಿ ಒಕ್ಕಲಿನ (ಗೃಹಪ್ರವೇಶದ) ಮುಹೂರ್ತ. ಮೇ ತಿಂಗಳ ಒಂದು ದಿನ ಜೋಯಿಸರು ಬರೆದುಕೊಟ್ಟರೆಂದರೆ ಸಾರಣೆ ಒಣಗಲು ಬೇಕಾದ 28 ದಿನ ಕ್ಯಾಲೆಂಡರಿನಿಂದಲೇ ಮಾಯ. ಒದ್ದೆ ಗೋಡೆಗೆ ಪೈಂಟ್ ಬೀಳುತ್ತದೆ, ಆಟಿಗೆ (ಜುಲೈ-ಆಗಸ್ಟಿನ ಮಳೆಗೆ) ಅದು ಗುಳ್ಳೆ ಏಳುತ್ತದೆ, ಗೋಡೆ ಬಿಳಿ ಉಪ್ಪು ಕಕ್ಕುತ್ತದೆ. ಒಕ್ಕಲು ಬೇಕಿದ್ದರೆ ಪ್ರೈಮರ್ ಗೋಡೆಯಲ್ಲೇ ಆಗಲಿ, ಪೈಂಟ್ ದೀಪಾವಳಿ ಕಳೆದ ಮೇಲೆ ಬರಲಿ. ನೆಂಟರು ಊಟದ ಎಲೆ ನೋಡಿಯಾರೇ ಹೊರತು ಗೋಡೆಯನ್ನಲ್ಲ.

ಹೇಳುವ ರೀತಿಯಲ್ಲೂ ಒಂದು ಹದ ಉಂಟು. "ಮೇಲಿನ ಬಾತ್‌ರೂಮ್ ಸರಿಯಿಲ್ಲ" ಎಂದರೆ "ಸರಿ, ನಾಳೆ ಹುಡುಗನನ್ನು ಕಳಿಸ್ತೇನೆ" ಎಂಬ ಉತ್ತರ, ಆ ನಾಳೆ ಬರುವುದಿಲ್ಲ. "ಮಹಡಿಯ ಪಶ್ಚಿಮದ ಬಾತ್‌ರೂಮ್, ಬಾಗಿಲಿನ ಎಡಕ್ಕೆ ಎರಡನೇ ಟೈಲ್ಸು, ಎರಡು ಮೂಲೆ ಟೊಳ್ಳು, ಗ್ರೌಟಿಗೆ ಮೊದಲು ಬದಲಿಸಬೇಕು, ಶುಕ್ರವಾರದ ಒಳಗೆ" ಎಂದು ಫೋಟೊ ಸಹಿತ ವಾಟ್ಸಾಪ್ ಮಾಡಿದರೆ ಹುಡುಗ ಬರುತ್ತಾನೆ. ಇಲ್ಲದಿದ್ದರೂ ದಾಖಲೆ ಉಳಿಯುತ್ತದೆ. ಒಪ್ಪಂದ ಬರೆಯುವಾಗಲೇ ಒಟ್ಟು ಮೊತ್ತದ 5 ಶೇಕಡಾವನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದೆಂದು ಸೇರಿಸಿಕೊಂಡರೆ ಕಂಟ್ರಾಕ್ಟರರಿಗೂ ನಿಮ್ಮ ಮನೆಯ ನೆನಪಿರುತ್ತದೆ. ಮಳೆಗಾಲ ಕಳೆದ ಮೇಲೆ ಅದನ್ನು ತಕರಾರಿಲ್ಲದೆ ಕೊಡಬೇಕು ಎನ್ನುವುದೂ ಅಷ್ಟೇ ಮುಖ್ಯ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾದ ಫ್ಲ್ಯಾಟಾದರೆ 2016ರ ಕಾಯಿದೆಯ 14ನೇ ಸೆಕ್ಷನ್ ಪ್ರಕಾರ ಸ್ವಾಧೀನ ಸಿಕ್ಕ ಐದು ವರ್ಷದೊಳಗೆ ತೋರಿಸಿದ ರಚನೆಯ ಅಥವಾ ಕೆಲಸದ ದೋಷವನ್ನು ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಮಾಡಬೇಕು. ಸ್ವಂತ ಜಾಗದಲ್ಲಿ ಕಂಟ್ರಾಕ್ಟ್ ಕೊಟ್ಟು ಕಟ್ಟಿಸಿದ ಮನೆಗೆ ಈ ರಕ್ಷೆ ಇಲ್ಲ. ಅಲ್ಲಿ ನಿಮ್ಮ ಒಪ್ಪಂದದ ಕಾಗದ, ಅದೂ ಸಾಲದಿದ್ದರೆ ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಗ್ರಾಹಕರ ಆಯೋಗ.

ಟೆರೇಸ್ ಸೋರಿದಾಗ ಮಾತ್ರ ಊರಿಗೆ ಊರೇ ಒಂದೇ ಪರಿಹಾರ ಹೇಳುತ್ತದೆ: "ಮೇಲೊಂದು ಶೀಟ್ ಹಾಕಿ ಬಿಡಿ." ಬಟ್ಟೆ ಒಣಗಿಸಲು, ಅಡಿಕೆ ಹರಡಲು ಶೀಟು ಒಳ್ಳೆಯದೇ. ಆದರೆ ಅದೂ ಮುಂದಿನವ ಮುಚ್ಚುವ ಲೆಕ್ಕವೇ, ಮತ್ತು ಈ ಮುಚ್ಚಳದ ದುಡ್ಡು ನಿಮ್ಮದು. ಶೀಟಿಗೆ ಮೊದಲು ಟೆರೇಸಿನಲ್ಲಿ ನೀರು ಕಟ್ಟಿ ನಿಲ್ಲಿಸಿ, ಸೋರುವುದನ್ನು ಕಂಟ್ರಾಕ್ಟರರಿಂದಲೇ ಸರಿಮಾಡಿಸಬೇಕು. ಶೀಟಿನ ಕಂಬಗಳನ್ನು ಸ್ಲ್ಯಾಬಿಗೆ ಆಂಕರ್ ಬೋಲ್ಟ್ ಹೊಡೆದು ನಿಲ್ಲಿಸಿದರೆ ವಾಟರ್‌ಪ್ರೂಫಿಂಗಿನಲ್ಲಿ ಅಷ್ಟೂ ತೂತು ಬೀಳುತ್ತವೆ. ಆಮೇಲೆ ಸೋರಿದರೆ ಕಂಟ್ರಾಕ್ಟರರು ಶೀಟಿನವನನ್ನು ತೋರಿಸುತ್ತಾರೆ, ಶೀಟಿನವ ಕಂಟ್ರಾಕ್ಟರರನ್ನು. ಕಂಬಕ್ಕೆ ಬೇರೆ ಕಾಂಕ್ರೀಟ್ ಪೀಠ ಮಾಡಿಸಿ, ಬೋಲ್ಟಿನ ಸುತ್ತ ಸೀಲ್ ಮಾಡುವುದು ಯಾರ ಕೆಲಸ ಎಂಬುದನ್ನು ಶೀಟಿನ ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ.